ಹ್ಯಾಂಡ್‌ಬುಕ್‌ನಲ್ಲಿ 5ಡಬ್ಲ್ಯೂ-30, ಮೆಕ್ಯಾನಿಕ್ ಹೇಳೋದು 20ಡಬ್ಲ್ಯೂ-50. ಯಾವ ಆಯಿಲ್ ಹಾಕಿಸ್ಲಿ?

ಮೊದಲ_ಕಾರು

ಎಲ್ರಿಗೂ ನಮಸ್ಕಾರ. ಸೆಕೆಂಡ್ ಹ್ಯಾಂಡ್ ಕಾರ್ ತಗೊಂಡಿದೀನಿ, ಟರ್ಬೊ ಪೆಟ್ರೋಲ್, 80 ಸಾವಿರ ಕಿಮೀ ಓಡಿದೆ, ಈಗ ಆಯಿಲ್ ಚೇಂಜ್ ಮಾಡಿಸ್ಬೇಕು. ಹ್ಯಾಂಡ್‌ಬುಕ್ ತೆಗೆದು ನೋಡಿದ್ರೆ 5ಡಬ್ಲ್ಯೂ-30 ಅಂತಿದೆ, ಅದರ ಪಕ್ಕದಲ್ಲೇ ಎಸಿಇಎ ಸಿ3 ಅಂತ ಬರ್ದಿದೆ. ಮೆಕ್ಯಾನಿಕ್ ಹೇಳೋದು ಬೇರೆ, ಅದೆಲ್ಲ ಹೊಸ ಗಾಡಿಗೆ, ಚಳಿ ಜಾಸ್ತಿ ಇರೋ ಕಡೆಗೆ, ಇಷ್ಟು ಓಡಿರೋ ಇಂಜಿನ್‌ಗೆ ಬೇಸಿಗೇಲಿ ಅದು ನೀರಾಗ್ಬಿಡತ್ತೆ, 20ಡಬ್ಲ್ಯೂ-50 ಹಾಕಿ, ಸೌಂಡೂ ಕಮ್ಮಿ ಆಗತ್ತೆ ಅಂತ.

ಅಂಗಡೀಲಿ ಡಬ್ಬ ಕೈಗೆ ತಗೊಂಡ್ರೆ ಹಿಂದುಗಡೆ ಲೇಬಲ್ ತುಂಬಾ ಎಪಿಐ ಎಸ್‌ಪಿ, ಎ3/ಬಿ4, ಇನ್ನೂ ಏನೇನೋ ನಂಬರ್. 5ಡಬ್ಲ್ಯೂ-30 ಅಂತ ಬರ್ದಿರೋದೇ ನಾಕು ಥರ ಇತ್ತು, ಯಾವುದನ್ನ ತಗೊಳೋದು ಅಂತ ಗೊತ್ತಾಗ್ದೆ ವಾಪಸ್ ಬಂದೆ. ಇನ್ನೊಂದು, ಕಾರಿಗೆ ಹಾಕಿ ಉಳಿದಿದ್ದನ್ನ ಬೈಕಿಗೆ ಹಾಕ್ಬೋದಾ? ಮತ್ತೆ ಸಿಂಥೆಟಿಕ್‌ಗೆ ಬದಲಾಯಿಸಿದ್ರೆ ಹಳೇ ಇಂಜಿನ್ ಸೋರೋಕೆ ಶುರು ಆಗತ್ತೆ ಅಂತ ಫ್ರೆಂಡ್ ಹೆದರಿಸಿದಾನೆ, ಅದು ನಿಜಾನಾ? ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ.

ಶೆಡ್ಡಲ್ಲೇ_ಇರ್ತೀನಿ

ನಿಮ್ಮ ಮೆಕ್ಯಾನಿಕ್ ಕೆಟ್ಟದ್ದು ಬಯಸಿ ಹೇಳಿರಲ್ಲ, ಕಾರ್ಬ್ಯುರೇಟರ್ ಕಾಲದ ಗಾಡಿಗಳಲ್ಲಿ ಕೈ ಪಳಗಿದವರು ಎಲ್ರೂ ಹೀಗೇ ಹೇಳೋದು, ಆ ಇಂಜಿನ್‌ಗಳಿಗೆ ಅದು ಸರೀನೂ ಇತ್ತು. ಆದ್ರೆ ಈ ಗಾಡಿಗೆ 20ಡಬ್ಲ್ಯೂ-50 ಬೇಡವೇ ಬೇಡ.

ಮೊದ್ಲು ಆ ನಂಬರ್ ಏನು ಅಂತ ನೋಡಿ. ಡಬ್ಲ್ಯೂ ಅಂದ್ರೆ ವಿಂಟರ್. ತುಂಬಾ ಜನ ವೆಯ್ಟ್ ಅಂದ್ಕೊಂಡಿರ್ತಾರೆ. ಅದರ ಮುಂಚೆ ಇರೋ 5 ಅನ್ನೋದು ಡಿಗ್ರೀನೂ ಅಲ್ಲ, ಗಟ್ಟಿತನದ ಅಳತೇನೂ ಅಲ್ಲ, ಎಸ್‌ಎಇ ಜೆ300 ಅನ್ನೋ ಸ್ಟ್ಯಾಂಡರ್ಡ್‌ನಲ್ಲಿ ಕೊಟ್ಟಿರೋ ಒಂದು ಗ್ರೇಡಿನ ಹೆಸರು ಅಷ್ಟೆ. 5ಡಬ್ಲ್ಯೂ ಅನ್ನಿಸ್ಕೋಬೇಕು ಅಂದ್ರೆ ಮೈನಸ್ 30 ಡಿಗ್ರೀಲೂ ಕ್ರ್ಯಾಂಕ್ ತಿರುಗೋಷ್ಟು ಸಡಿಲ ಇರ್ಬೇಕು, ಮೈನಸ್ 35ರಲ್ಲೂ ಪಂಪ್ ಅದನ್ನ ಎಳ್ಕೊಳೋ ಹಾಗಿರ್ಬೇಕು. 20ಡಬ್ಲ್ಯೂಗೆ ಅದೇ ಪರೀಕ್ಷೆ ಮೈನಸ್ 15ರಲ್ಲಿ ಮತ್ತು ಮೈನಸ್ 20ರಲ್ಲಿ. ಹಿಂದಿನ ನಂಬರ್ ಇದ್ಯಲ್ಲ, ಅದು 100 ಡಿಗ್ರೀಲಿ ಆಯಿಲ್ ಎಷ್ಟು ಗಟ್ಟಿ ಇರತ್ತೆ ಅನ್ನೋದು. 30 ಅಂದ್ರೆ 9.3ರಿಂದ 12.5 ಸೆಂಟಿಸ್ಟೋಕ್ (ಆಯಿಲ್ ಗಟ್ಟಿತನದ ಅಳತೆ, ನಂಬರ್ ಜಾಸ್ತಿ ಆದಷ್ಟೂ ಗಟ್ಟಿ) ಒಳಗೆ, 40 ಅಂದ್ರೆ 12.5ರಿಂದ 16.3, 50 ಅಂದ್ರೆ 16.3ರಿಂದ 21.9.

ಎಲ್ರೂ ಎಡವೋದು ಇಲ್ಲೇ. 5ಡಬ್ಲ್ಯೂ-30 ತಣ್ಣಗಿದ್ದಾಗ ತೆಳು, ಬಿಸಿಯಾದ್ರೆ ಗಟ್ಟಿ ಆಗತ್ತೆ ಅಂತ ನಂಬಿರ್ತಾರೆ. ಯಾವ ಆಯಿಲೂ ಬಿಸಿಯಾದ್ರೆ ಗಟ್ಟಿ ಆಗಲ್ಲ, ತೆಳುವೇ ಆಗೋದು. 5ಡಬ್ಲ್ಯೂ-30 ಸಾಮಾನ್ಯವಾಗಿ 40 ಡಿಗ್ರೀಲಿ 60-70 ಸೆಂಟಿಸ್ಟೋಕ್ ಇದ್ರೆ 100 ಡಿಗ್ರಿಗೆ ಬರೋಷ್ಟರಲ್ಲಿ 11ರ ಹತ್ರ ಇಳಿದಿರತ್ತೆ. ಅಂದ್ರೆ ಎಷ್ಟೇ ಸೆಕೆ ಇರೋ ಊರಾದ್ರೂ ಬೆಳಿಗ್ಗೆ ಸ್ಟಾರ್ಟ್ ಮಾಡೋ ಹೊತ್ತಲ್ಲಿ ಇಂಜಿನ್‌ಗೆ ಬೇಕಾಗಿರೋದಕ್ಕಿಂತ ಆಯಿಲ್ ಐದಾರು ಪಟ್ಟು ಗಟ್ಟಿ ಇರತ್ತೆ, ಇಂಜಿನ್ ಜಾಸ್ತಿ ಸವೆಯೋದೂ ಆಗಲೇ, ಆಯಿಲ್ ಮೇಲೆ ಕ್ಯಾಮ್‌ವರೆಗೆ (ವಾಲ್ವ್ ತೆರೆಯೋ ಶಾಫ್ಟ್) ಬರೋ ತನಕ. ಆ ಹೊತ್ತಲ್ಲಿ 20ಡಬ್ಲ್ಯೂ-50 ಅಂದ್ರೆ 150 ಸೆಂಟಿಸ್ಟೋಕ್ ದಾಟಿರತ್ತೆ, ಯೋಚನೆ ಮಾಡಿ.

ಬೇಸಿಗೆಗೆ ನೀರಾಗತ್ತೆ ಅನ್ನೋ ಮಾತು ಬೇರೆ. ಹೊರಗಡೆ 20 ಇರ್ಲಿ 40 ಇರ್ಲಿ, ಥರ್ಮೋಸ್ಟಾಟ್ ಕೂಲಂಟನ್ನ 90ರ ಆಸುಪಾಸಲ್ಲೇ ಹಿಡಿದಿಟ್ಟಿರತ್ತೆ, ಆಯಿಲೂ ನೂರರ ಹತ್ರ ಹತ್ರ ಇರತ್ತೆ, ಕೂಲಿಂಗ್ ಸರಿ ಇದ್ರೆ ಹೊರಗಿನ ಬಿಸಿಲಿಂದ ಅಂಥ ವ್ಯತ್ಯಾಸ ಬರಲ್ಲ. ಮತ್ತೆ ಗಟ್ಟಿ ಆಯಿಲ್ ಹಾಕಿದಾಗ ಪ್ರೆಷರ್ ಜಾಸ್ತಿ ತೋರ್ಸತ್ತೆ ಅಂತ ಖುಷಿ ಪಡ್ತಾರೆ, ಪ್ರೆಷರ್ ಜಾಸ್ತಿ ಅಂದ್ರೆ ಆಯಿಲ್ ಜಾಸ್ತಿ ಹರೀತಿದೆ ಅಂತಲ್ಲ, ಸಂದಿಯೊಳಗೆ ಹೋಗೋಕೆ ಕಷ್ಟ ಪಡ್ತಿದೆ ಅಂತ, ಮಿತಿ ಮೀರಿದ್ರೆ ರಿಲೀಫ್ ವಾಲ್ವ್ ತೆರೆದುಕೊಂಡು ಹೆಚ್ಚಾಗಿದ್ದು ಹಿಂದಕ್ಕೇ ಹೋಗತ್ತೆ. ನಿಮ್ಮ ಗಾಡೀಲಿ ವಾಲ್ವ್ ಟೈಮಿಂಗ್ ಬದಲಾಯಿಸೋ ಮೆಕ್ಯಾನಿಸಂ ಇದ್ರೆ ಅದು ಕೆಲಸ ಮಾಡೋದೇ ಆಯಿಲ್ ಪ್ರೆಷರಿಂದ, ಸಣ್ಣ ಸಣ್ಣ ತೂತುಗಳ ಮೂಲಕ. ಚೈನ್ ಟೆನ್ಷನರ್ ಹಾಗೇ. ಟರ್ಬೊ ಶಾಫ್ಟ್ ಅಂತೂ ಸಣ್ಣ ಇಂಜಿನ್‌ಗಳಲ್ಲಿ ನಿಮಿಷಕ್ಕೆ 2 ಲಕ್ಷ ಸುತ್ತಿನವರೆಗೂ ತಿರುಗತ್ತೆ, ತೆಳ್ಳನೆ ಆಯಿಲ್ ಪದರದ ಮೇಲೆ ತೇಲ್ಕೊಂಡು. ಅದಕ್ಕೆ ಆಯಿಲ್ ಬೇಗ ಬಂದು ಮುಟ್ಟಬೇಕು. ಸೌಂಡ್ ಕಮ್ಮಿ ಆಗತ್ತೆ ನಿಜ, ಗಟ್ಟಿ ಆಯಿಲ್ ಟ್ಯಾಪೆಟ್ ಸದ್ದು ಮುಚ್ಚಿಹಾಕತ್ತೆ, ಆದ್ರೆ ಸವೆತ ನಿಲ್ತು ಅಂತ ಅದರಿಂದ ಗೊತ್ತಾಗಲ್ಲ.

ಲೇಬಲ್_ಓದಿ_ಸ್ವಾಮಿ

ಮೇಲಿನವರು ಹೇಳಿದ್ದು ಪೂರ್ತಿ ಒಪ್ತೀನಿ, ಆದ್ರೆ ಪ್ರಶ್ನೆ ಕೇಳಿದವರು ಒಂದು ಮುಖ್ಯವಾದ ವಿಷಯ ಗಮನಿಸಿದಾರೆ ನೋಡಿ, 5ಡಬ್ಲ್ಯೂ-30ಗಳೇ ನಾಕು ಥರ ಇತ್ತು ಅಂತ. ನಾನು ಹೇಳ್ಬೇಕು ಅಂದ್ಕೊಂಡಿದ್ದೂ ಅದೇ. ಗ್ರೇಡ್ ಒಂದೇ ಆದ್ರೂ ಆಯಿಲ್ ಒಂದೇ ಅಲ್ಲ.

100 ಡಿಗ್ರೀಲಿ ಸುಮ್ನೆ ಕೊಳವೆಯಲ್ಲಿ ಇಳಿಯೋಕೆ ಬಿಟ್ಟು ಅಳೆಯೋದು ಒಂದು. ಬೇರಿಂಗ್ ಒಳಗೆ ಆಯಿಲ್ ಅರೆದು ಹೋಗ್ತಿರೋವಾಗ ಎಷ್ಟು ಗಟ್ಟಿ ಉಳಿಯತ್ತೆ ಅನ್ನೋದು ಇನ್ನೊಂದು. ಈ ಎರಡನೇದಕ್ಕೆ ಎಚ್‌ಟಿಎಚ್‌ಎಸ್ ಅಂತಾರೆ, ಹೈ ಟೆಂಪರೇಚರ್ ಹೈ ಶಿಯರ್, 150 ಡಿಗ್ರೀಲಿ ಅಳೆಯೋದು. ಜೆ300 ಪ್ರಕಾರ 30 ಗ್ರೇಡ್ ಆಯಿಲ್‌ಗೆ ಇದು 2.9 (ಮಿಲಿಪಾಸ್ಕಲ್-ಸೆಕೆಂಡ್ ಲೆಕ್ಕದಲ್ಲಿ) ಇದ್ರೆ ಸಾಕು, ಪೆಟ್ರೋಲ್ ಉಳಿಸೋಕೆ ಅಂತ ಮಾಡಿರೋ ಎಷ್ಟೋ 5ಡಬ್ಲ್ಯೂ-30ಗಳು ಅದಕ್ಕಿಂತ ಸ್ವಲ್ಪ ಮೇಲಷ್ಟೇ ಇರತ್ತೆ. ಆದ್ರೆ ಎಸಿಇಎ (ಯುರೋಪಿನ ವಾಹನ ತಯಾರಕರ ಒಕ್ಕೂಟ) ಸಿ3 ಅಂತ ಹಾಕ್ಬೇಕಂದ್ರೆ ಕನಿಷ್ಠ 3.5 ಇರಲೇಬೇಕು. 5ಡಬ್ಲ್ಯೂ-40ಗೆ ಜೆ300 ಕೇಳೋದೂ ಅದೇ 3.5. ಅಂದ್ರೆ ನಿಮ್ಮ ಹ್ಯಾಂಡ್‌ಬುಕ್ ಹೇಳ್ತಿರೋ ಸಿ3 ಆಯಿಲ್ ಹೆಸರಿಗೆ 30 ಆದ್ರೂ ಬಿಸಿ ಬೇರಿಂಗಲ್ಲಿ 40ಕ್ಕೆ ಇರೋ ಕನಿಷ್ಠ ಗಟ್ಟಿತನ ಅದಕ್ಕೂ ಇರತ್ತೆ. ನಿಮ್ಮ ಮೆಕ್ಯಾನಿಕ್ ಭಯಕ್ಕೆ ಉತ್ತರ ಆ ಸಿ3ಯಲ್ಲೇ ಇದೆ. ಅದನ್ನ ಬಿಟ್ಟು ಬರೀ 5ಡಬ್ಲ್ಯೂ-30 ಅಂತ ಮಾತ್ರ ನೋಡಿ ಯಾವುದೋ ಡಬ್ಬ ತಂದ್ರೆ ಅದು ತೆಳು ಆಗೋ ಸಾಧ್ಯತೆ ಇದೆ.

ಇನ್ನು ಲೇಬಲ್. ಎಪಿಐ ಅಂದ್ರೆ ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಕೊಡೋ ದರ್ಜೆ, ಅದರಲ್ಲಿ ಎಸ್‌ನಿಂದ ಶುರು ಆದ್ರೆ ಪೆಟ್ರೋಲ್, ಸಿಯಿಂದ ಶುರು ಆದ್ರೆ ಡೀಸೆಲ್. ಎಸ್‌ಎನ್ ಬಂದಿದ್ದು 2010ರಲ್ಲಿ, ಎಸ್‌ಪಿ 2020ರಲ್ಲಿ, ಎಸ್‌ಕ್ಯೂ 2025ರಲ್ಲಿ. ಹೊಸದು ಹಳೇದರ ಜಾಗಕ್ಕೆ ನಡೆಯತ್ತೆ. ನಿಮ್ಮದು ಟರ್ಬೊ ಅಲ್ವಾ, ಡೈರೆಕ್ಟ್ ಇಂಜೆಕ್ಷನ್ನೂ ಇದ್ರೆ ಎಸ್‌ಪಿ ಇದ್ದಷ್ಟು ಒಳ್ಳೇದು. ಕಮ್ಮಿ ಆರ್‌ಪಿಎಂನಲ್ಲಿ ದೊಡ್ಡ ಗೇರಲ್ಲಿ ಎಕ್ಸಲರೇಟರ್ ಒತ್ತಿದಾಗ ಸ್ಪಾರ್ಕ್ ಬರೋ ಮುಂಚೇನೇ ಸಿಲಿಂಡರಲ್ಲಿ ಹತ್ಕೊಳೋ ತೊಂದರೆ ಇದೆ, ಎಲ್‌ಎಸ್‌ಪಿಐ ಅಂತಾರೆ, ಪಿಸ್ಟನ್ನೇ ಒಡೆದುಹಾಕೋಷ್ಟು ಜೋರು. ಆಯಿಲಲ್ಲಿ ಕ್ಯಾಲ್ಸಿಯಂ ಡಿಟರ್ಜಂಟ್ ಜಾಸ್ತಿ ಇದ್ರೆ ಅದು ಹೆಚ್ಚಾಗತ್ತೆ, ಎಸ್‌ಪಿಗೆ ಅದರ ಪರೀಕ್ಷೆ ಇದೆ, ಟೈಮಿಂಗ್ ಚೈನ್ ಸವೆತದ್ದೂ ಇದೆ.

ಎ3/ಬಿ4 ನೋಡಿದ್ರಲ್ಲ, ಅದಕ್ಕೂ ಎಚ್‌ಟಿಎಚ್‌ಎಸ್ 3.5 ಇರತ್ತೆ, ಆದ್ರೆ ಬೂದಿ ಜಾಸ್ತಿ. ಸಿ3ಯಲ್ಲಿ ಸಲ್ಫೇಟೆಡ್ ಆ್ಯಶ್ 0.8 ಪರ್ಸೆಂಟ್ ಮೀರೋ ಹಾಗಿಲ್ಲ. ಸೈಲೆನ್ಸರ್ ದಾರೀಲಿ ಪಾರ್ಟಿಕ್ಯುಲೇಟ್ ಫಿಲ್ಟರ್ ಇರೋ ಗಾಡಿಗಳಿಗೆ ಇದು ಜೀವನ್ಮರಣದ ಪ್ರಶ್ನೆ, ಯಾಕಂದ್ರೆ ಮಸಿ ಆದ್ರೆ ಅದರೊಳಗೇ ಸುಟ್ಟು ಹೋಗತ್ತೆ, ಆಯಿಲ್ ಬೂದಿ ಸುಡಲ್ಲ, ತುಂಬ್ಕೊಳ್ತಾನೇ ಹೋಗತ್ತೆ.

ಕೊನೇದಾಗಿ, ಕಾರ್ ಕಂಪನಿಯ ಅಪ್ರೂವಲ್ ನಂಬರ್ ಏನಾದ್ರೂ ಇದ್ಯಾ ನೋಡಿ. ಡಬ್ಬದ ಮೇಲೆ ಆ ನಂಬರ್ ಮುಂದೆ ಅಪ್ರೂವಲ್ ಅಂತ ಇದ್ರೆ ಕಾರ್ ಕಂಪನಿ ಪರೀಕ್ಷೆ ನೋಡಿ ಒಪ್ಪಿದೆ ಅಂತ. ಸೂಕ್ತ, ಶಿಫಾರಸು ಅಂತೆಲ್ಲ ಇದ್ರೆ ಅದು ಆಯಿಲ್ ಕಂಪನಿ ತಾನೇ ಹೇಳ್ಕೊಂಡಿರೋದು. ಎರಡಕ್ಕೂ ತುಂಬಾ ವ್ಯತ್ಯಾಸ ಇದೆ.

ಡೀಸೆಲ್_ಓಡ್ಸೋನು

ನಾನು ಒಂದು ಕಡೆ ಸ್ವಲ್ಪ ಬೇರೆ ಹೇಳ್ತೀನಿ. ಹ್ಯಾಂಡ್‌ಬುಕ್ಕಲ್ಲಿ ಎಷ್ಟೋ ಸಲ ಒಂದೇ ಗ್ರೇಡ್ ಇರಲ್ಲ, ಹೊರಗಿನ ಟೆಂಪರೇಚರ್ ಜೊತೆಗೆ ಒಂದು ಪಟ್ಟಿ ಇರತ್ತೆ, ಅದರಲ್ಲಿ 5ಡಬ್ಲ್ಯೂ-40 ಕೂಡ ಇದ್ದು ಇಂಜಿನ್ ಸಾವಿರಾರು ಕಿಮೀ ಓಡಿ ಸ್ವಲ್ಪ ಆಯಿಲ್ ತಿನ್ನೋಕೆ ಶುರು ಮಾಡಿದ್ರೆ 40ಕ್ಕೆ ಹೋಗೋದ್ರಲ್ಲಿ ತಪ್ಪೇನಿಲ್ಲ. ಸಿ3ಯಲ್ಲೇ 5ಡಬ್ಲ್ಯೂ-40 ಸಿಗತ್ತೆ. ಆದ್ರೆ ಹಿಂದಿನ ನಂಬರ್ ಬದಲಾಯಿಸಿದ್ರೂ ಸಿ3 ಬಿಡ್ಬೇಡಿ ಅನ್ನೋದಂತೂ ನಿಜ.

ಇನ್ನೊಂದು, ಹೊಸ ಆಯಿಲ್ ಸ್ವಲ್ಪ ದಿನಕ್ಕೇ ಕಪ್ಪಾಯ್ತು ಅಂತ ಗಾಬರಿ ಆಗ್ಬೇಡಿ. ನನ್ನ ಡೀಸೆಲಲ್ಲಿ ಚೇಂಜ್ ಮಾಡಿ ಮನೆಗೆ ಬರೋಷ್ಟರಲ್ಲೇ ಕಪ್ಪು. ಮಸಿಯನ್ನ ಒಂದು ಕಡೆ ಕೂರೋಕೆ ಬಿಡದೆ ತನ್ನೊಳಗೆ ಹೊತ್ಕೊಂಡು ತಿರುಗೋದೇ ಆಯಿಲ್ ಕೆಲಸ. ಬಣ್ಣ ನೋಡಿ ಬದಲಾಯಿಸ್ಬೇಡಿ, ಕಿಮೀ ನೋಡಿ, ತಿಂಗಳೂ ನೋಡಿ. ದಿನಾ ಎರಡು ಮೂರು ಕಿಮೀ ಮಾತ್ರ ಓಡ್ಸಿ ನಿಲ್ಲಿಸೋರು ಇನ್ನೂ ಬೇಗ ಬದಲಾಯಿಸ್ಬೇಕು, ಆಯಿಲ್ ಪೂರ್ತಿ ಬಿಸಿ ಆಗದೆ ಒಳಗೆ ಸೇರ್ಕೊಂಡ ನೀರು, ಪೆಟ್ರೋಲ್ ಆವಿಯಾಗಿ ಹೋಗೋದೇ ಇಲ್ಲ. ಆಯಿಲ್ ಕ್ಯಾಪ್ ತೆಗೆದಾಗ ಒಳಗಡೆ ಬಿಳೀ ಕೆನೆ ಥರ ಅಂಟಿರೋದು ಬಹಳಷ್ಟು ಸಲ ಅದರಿಂದಾನೇ, ಲಾಂಗ್ ಡ್ರೈವ್ ಆದ್ಮೇಲೂ ಅದು ಹೋಗ್ದೆ ಕೂಲಂಟೂ ಕಮ್ಮಿ ಆಗ್ತಿದ್ರೆ ಮಾತ್ರ ಹೆಡ್ ಗ್ಯಾಸ್ಕೆಟ್ ತೋರಿಸಿ.

ಕಿಕ್‌ಸ್ಟಾರ್ಟ್

ಬೈಕಿನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ಅದಕ್ಕೇ ಬರೀತಿದೀನಿ. ದಯವಿಟ್ಟು ಹಾಕ್ಬೇಡಿ. ನಾನು ಹಾಕಿದ್ದೆ. ಅರ್ಧ ಡಬ್ಬ ಕಾರ್ ಆಯಿಲ್ ಉಳಿದಿತ್ತು, ಗ್ರೇಡ್ ಒಂದೇ ಇದ್ಯಲ್ಲ ಅಂತ ಬೈಕಿಗೆ ಸುರಿದೆ, ಮೊದ್ಲು ಏನೂ ಗೊತ್ತಾಗ್ಲಿಲ್ಲ, ಕೆಲವು ದಿನ ಆದ್ಮೇಲೆ ಏರು ರಸ್ತೇಲಿ ಥ್ರಾಟಲ್ ಕೊಟ್ರೆ ಆರ್‌ಪಿಎಂ ಏರತ್ತೆ, ಗಾಡಿ ಮುಂದಕ್ಕೆ ಹೋಗಲ್ಲ. ಕೊನೆಗೆ ಆಯಿಲ್ ತೆಗೆಸಿ ಕ್ಲಚ್ ಪ್ಲೇಟನ್ನೂ ಬದಲಾಯಿಸ್ಬೇಕಾಯ್ತು.

ಕಾರಣ ಏನಂದ್ರೆ ಹೆಚ್ಚಿನ ಗೇರ್ ಬೈಕುಗಳಲ್ಲಿ ಇಂಜಿನ್, ಗೇರ್‌ಬಾಕ್ಸ್, ಕ್ಲಚ್ ಮೂರಕ್ಕೂ ಒಂದೇ ಆಯಿಲ್, ಕ್ಲಚ್ ಅದರಲ್ಲೇ ಮುಳುಗಿರತ್ತೆ. ಕಾರ್ ಆಯಿಲಲ್ಲಿ ಪೆಟ್ರೋಲ್ ಉಳಿಸೋಕೆ ಜಾರಿಕೆ ಜಾಸ್ತಿ ಮಾಡೋ ಕೆಮಿಕಲ್ ಹಾಕಿರ್ತಾರೆ, ಇಂಜಿನ್‌ಗೆ ಅದು ಒಳ್ಳೇದೇ, ಆದ್ರೆ ಹಿಡ್ಕೊಳೋದೇ ಕೆಲಸ ಆಗಿರೋ ಕ್ಲಚ್‌ಗೆ ಅದೇ ಶತ್ರು. ಬೈಕಿಗೆ ಜಾಸೊ (ಜಪಾನಿನ ಸ್ಟ್ಯಾಂಡರ್ಡ್) ಎಂಎ ಅಥವಾ ಎಂಎ2 ಇರೋದನ್ನ ತಗೊಳಿ. ಎಂಬಿ ಅನ್ನೋದು ಜಾರಿಕೆ ಜಾಸ್ತಿ ಇರೋದು, ಬೆಲ್ಟ್ ಡ್ರೈವ್ ಇರೋ ಸ್ಕೂಟರ್‌ಗಳಲ್ಲಿ ಕ್ಲಚ್ ಆಯಿಲ್ ಒಳಗೆ ಇರಲ್ಲ, ಅವಕ್ಕೆ ನಡೆಯತ್ತೆ.

ಶೆಡ್ಡಲ್ಲೇ_ಇರ್ತೀನಿ

ಡೀಸೆಲ್ ಅವರು ಹೇಳಿದ್ದು ಸರಿ, ಪಟ್ಟೀಲಿ 40 ಇದ್ರೆ ನಂದೇನೂ ತಕರಾರಿಲ್ಲ. ನಾನು ಬೇಡ ಅಂದಿದ್ದು 20ಡಬ್ಲ್ಯೂ-50ಗೆ.

ಸಿಂಥೆಟಿಕ್ ಸೋರತ್ತೆ ಅನ್ನೋದು ಹಳೇ ಭಯ. ಮೊದಮೊದಲ ಸಿಂಥೆಟಿಕ್ ಆಯಿಲ್‌ಗಳಲ್ಲಿ ಕೆಲವು ಆಗಿನ ರಬ್ಬರ್ ಸೀಲುಗಳಿಗೆ ಆಗ್ತಿರ್ಲಿಲ್ಲ, ಈಗ ಸೀಲ್ ಹೊಂದಾಣಿಕೆಯ ಪರೀಕ್ಷೆ ಮಾಡೇ ಆಯಿಲ್ ಬಿಡೋದು. ಈಗಾಗ್ಲೇ ಗಟ್ಟಿಯಾಗಿ ಬಿರುಕು ಬಿಟ್ಟಿರೋ ಸೀಲ್ ಸುತ್ತ ಕೊಳೆ ಕೂತು ತಡೆದಿದ್ರೆ, ಹೊಸ ಆಯಿಲ್ ಅದನ್ನ ತೊಳೆದಾಗ ಜಿನುಗಬೋದು, ಆದ್ರೆ ಆ ಸೀಲ್ ಹೋಗಿದ್ದು ಮುಂಚೇನೇ. ಮತ್ತೆ ನಿಮ್ಮ ಗಾಡಿಗೆ 5ಡಬ್ಲ್ಯೂ-30 ಸಿ3ನೇ ಬರ್ದಿದಾರೆ ಅಂದ್ರೆ ಫ್ಯಾಕ್ಟರಿಯಿಂದ ಬರೋವಾಗ್ಲೂ ಹೆಚ್ಚುಕಮ್ಮಿ ಅದೇ ಜಾತಿ ಆಯಿಲ್ ಹಾಕಿರ್ತಾರೆ, ನೀವು ಹೊಸದಾಗಿ ಬದಲಾಯಿಸ್ತಿರೋದೇನೂ ಇಲ್ಲ.

ದಾರೀಲಿ ಆಯಿಲ್ ಕಮ್ಮಿ ಆಗಿ ಬೇರೆ ಬ್ರ್ಯಾಂಡ್ ಮಾತ್ರ ಸಿಕ್ರೆ ಅರ್ಧ ಲೀಟರ್ ಬೆರೆಸ್ಬೋದು, ಹೆದರ್ಬೇಡಿ. ಖಾಲಿ ಓಡ್ಸೋದಕ್ಕಿಂತ ಯಾವ ಆಯಿಲಾದ್ರೂ ಮೇಲು.

ಮೊದಲ_ಕಾರು

ಎಲ್ರಿಗೂ ತುಂಬಾ ಥ್ಯಾಂಕ್ಸ್. ಹ್ಯಾಂಡ್‌ಬುಕ್ ಮತ್ತೆ ಓದ್ದೆ, ಪಟ್ಟೀಲಿ 5ಡಬ್ಲ್ಯೂ-30 ಜೊತೆ 5ಡಬ್ಲ್ಯೂ-40 ಕೂಡ ಇದೆ, ಎರಡಕ್ಕೂ ಸಿ3 ಬೇಕು ಅಂತಿದೆ, 20ಡಬ್ಲ್ಯೂ ಅನ್ನೋದು ಎಲ್ಲೂ ಇಲ್ಲ. ನನ್ನ ಗಾಡಿ ಆಯಿಲ್ ತಿಂತಿಲ್ಲ, ಅದಕ್ಕೇ 5ಡಬ್ಲ್ಯೂ-30 ಸಿ3 ತಗೊಂಡೆ, ಎಪಿಐ ಎಸ್‌ಪಿ ಕೂಡ ಅದರ ಮೇಲಿದೆ. ಮೆಕ್ಯಾನಿಕ್‌ಗೆ ಆ ಪುಟ ತೋರಿಸಿದೆ, ಸರಿ ಹಾಗಾದ್ರೆ ಇದನ್ನೇ ಹಾಕೋಣ ಅಂದ್ರು, ಬೇಜಾರೇನೂ ಮಾಡ್ಕೊಳ್ಲಿಲ್ಲ. ಒಂದೇ ಡೌಟ್, ಫಿಲ್ಟರ್ ಸೇರಿ 3.6 ಲೀಟರ್ ಅಂತಿದೆ, ಡಬ್ಬ ಇರೋದು 4 ಲೀಟರ್. ಪೂರ್ತಿ ಹಾಕಿದ್ರೆ ಏನಾದ್ರೂ ಆಗತ್ತಾ?

ಶೆಡ್ಡಲ್ಲೇ_ಇರ್ತೀನಿ

ಪೂರ್ತಿ ಹಾಕಿಸ್ಬೇಡಿ, ಎದುರಿಗೇ ನಿಂತು ನೋಡ್ಕೊಳಿ. ಮಟ್ಟ ಮೇಲಾದ್ರೆ ಕ್ರ್ಯಾಂಕ್ ತಿರುಗೋವಾಗ ಆಯಿಲನ್ನ ಕಡೆದು ನೊರೆ ಮಾಡತ್ತೆ, ನೊರೇಲಿ ಗಾಳಿ ಇರತ್ತೆ, ಪಂಪ್ ಆ ಗಾಳಿಯನ್ನ ಬೇರಿಂಗ್‌ಗೆ ಕಳಿಸತ್ತೆ. ಮೊದ್ಲು ಮೂರೂಕಾಲು ಲೀಟರ್ ಹಾಕ್ಸಿ, ಸ್ಟಾರ್ಟ್ ಮಾಡಿ ಎರಡು ನಿಮಿಷ ಐಡಲಲ್ಲಿ ಬಿಡಿ, ಹೊಸ ಫಿಲ್ಟರ್ ತುಂಬ್ಕೊಳತ್ತೆ, ಸೋರ್ತಿದ್ಯಾ ಅಂತ ಕೆಳಗೂ ಬಗ್ಗಿ ನೋಡಿ. ಆಫ್ ಮಾಡಿ ಸಮ ಜಾಗದಲ್ಲಿ ಐದು ನಿಮಿಷ ಕಾದು ಡಿಪ್‌ಸ್ಟಿಕ್ ಒರೆಸಿ ನೋಡಿ, ಮೇಲಿನ ಗುರುತಿನ ಹತ್ರ ಬರೋ ತನಕ ಸ್ವಲ್ಪ ಸ್ವಲ್ಪವಾಗಿ ಹಾಕಿ. ಉಳಿದಿದ್ದಕ್ಕೆ ಮುಚ್ಚಳ ಬಿಗಿ ಮಾಡಿ ಡಿಕ್ಕೀಲಿ ಇಟ್ಕೊಳಿ, ಮುಂದೆ ಟಾಪ್-ಅಪ್ ಬೇಕಾದ್ರೆ ಅದೇ ಆಯಿಲ್ ಕೈಯಲ್ಲಿರತ್ತೆ.