ಚಿತ್ರೋದ್ಯಮದ ಮೇಲಿನ ವಿಡಂಬನೆ ಕರಾವಳಿಯ ಪ್ರೇಕ್ಷಕರಿಗೆ ತಲುಪೀತೇ?

ಪ್ರಶ್ನೆ: ಪಡುಕರೆಯವ, ಉಡುಪಿ

ಎಲ್ಲರಿಗೂ ನಮಸ್ಕಾರ. ನಾನೊಂದು ವಿಡಂಬನಾತ್ಮಕ ಹಾಸ್ಯಚಿತ್ರದ ಚಿತ್ರಕಥೆ ಬರೆಯುತ್ತಿದ್ದೇನೆ. ಬ್ರಹ್ಮಾವರದ ಕಡೆಯ ಹುಡುಗನೊಬ್ಬ, ಮದುವೆ, ಗೃಹಪ್ರವೇಶಗಳ ವಿಡಿಯೊ ಮಾಡಿ ಬದುಕುವವನು, ಮಲ್ಪೆ ಬಂದರಿನಲ್ಲಿ ಮೀನು ಮಾರುವ ಹೆಂಗಸೊಬ್ಬಳ ಕಥೆಯನ್ನು ಸಿನಿಮಾ ಮಾಡಲು ಹೊರಡುತ್ತಾನೆ. ಹಣ ಹಾಕಲು ಬಂದವರೆಲ್ಲ ಕಥೆಯಲ್ಲಿ ಒಂದೊಂದು ಬದಲಾವಣೆ ಕೇಳುತ್ತಾರೆ. ಮುಂಬೈಯ ಹೋಟೆಲ್ ಉದ್ಯಮಿಗೆ ದೈವದ ದೃಶ್ಯ ಬೇಕು, ಕೊಲ್ಲಿಯಲ್ಲಿರುವವರಿಗೆ ದುಬೈಯಲ್ಲೊಂದು ಹಾಡು ಬೇಕು, ಗಾಂಧಿನಗರದ ವಿತರಕರಿಗೆ ಹೆಸರಿರುವ ನಾಯಕ ಬೇಕು. ಚಿತ್ರ ಮುಗಿಯುವ ಹೊತ್ತಿಗೆ ಆ ಹೆಂಗಸು ಒಂದೇ ದೃಶ್ಯದಲ್ಲಿ, ಅದೂ ನಾಯಕನ ಬೈಕಿಗೆ ದಾರಿ ಬಿಡುವವಳಾಗಿ ಉಳಿದಿರುತ್ತಾಳೆ.

ಕರಡನ್ನು ಓದಿದ ನಿರ್ಮಾಪಕರೊಬ್ಬರು, ಸಿನಿಮಾದವರ ಪಾಡಿಗೆ ಸಿನಿಮಾದವರು ಮಾತ್ರ ನಗುತ್ತಾರೆ, ಜನರಿಗೆ ಕಾಲ್‌ಶೀಟು, ಸೆನ್ಸಾರು, ವಿತರಣೆ ಯಾವುದೂ ಗೊತ್ತಿಲ್ಲ ಎಂದರು. ಹೆಸರಾಂತ ಹಾಸ್ಯನಟರನ್ನು ಹಾಕಿಕೊಂಡು ಪ್ರತ್ಯೇಕ ಕಾಮಿಡಿ ಟ್ರ್ಯಾಕ್ ಸೇರಿಸುವಂತೆ ಸಲಹೆಯನ್ನೂ ಕೊಟ್ಟರು. ಉದ್ಯಮದ ಒಳಗುಟ್ಟನ್ನು ಪಾಠ ಮಾಡದೆ ತೋರಿಸುವುದು ಹೇಗೆ? ಚಿತ್ರವನ್ನು ತುಳುವಿನಲ್ಲಿ ಮಾಡುವುದು ಒಳ್ಳೆಯದೋ ಕನ್ನಡದಲ್ಲೋ? ಅನುಭವವಿದ್ದವರು ದಯವಿಟ್ಟು ಬರೆಯಿರಿ.

ಉತ್ತರ 1: ರಂಗಸ್ಥಳ, ಮಂಗಳೂರು

ನಿಮ್ಮ ಕಥೆಯ ಎಳೆ ಗಟ್ಟಿಯಾಗಿದೆ. ನಮ್ಮ ಜನರಿಗೆ ಸಿನಿಮಾದ ವ್ಯವಹಾರ ಗೊತ್ತಿಲ್ಲ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಊರಿಗೆ ನಾಟಕ ತರಿಸಿದವರು, ಯಕ್ಷಗಾನದ ಆಟ ಆಡಿಸಿದವರು, ಸಂಘದ ವಾರ್ಷಿಕೋತ್ಸವಕ್ಕೆ ರಸೀದಿ ಪುಸ್ತಕ ಹಿಡಿದು ಮನೆ ಮನೆ ತಿರುಗಿದವರು ಉಡುಪಿ, ದಕ್ಷಿಣ ಕನ್ನಡ ಈ ಎರಡು ಜಿಲ್ಲೆಗಳಲ್ಲಿ ಎಷ್ಟು ಮಂದಿ ಇದ್ದಾರೆಂದು ಯೋಚಿಸಿ. ಹಣ ಕೊಟ್ಟವರ ಹೆಸರು ಬ್ಯಾನರಿನಲ್ಲಿ ಎಲ್ಲಿ ಬರಬೇಕು, ನಾಟಕದ ನಡುವೆ ಸನ್ಮಾನ ಯಾರಿಗೆ, ಯಾರ ಭಾಷಣ ಉದ್ದವಾದದ್ದರಿಂದ ಯಾವ ದೃಶ್ಯ ಮೊಟಕಾಯಿತು ಎಂಬುದೆಲ್ಲ ಅವರಿಗೆ ಅಂಗೈ ನೆಲ್ಲಿಯಷ್ಟು ಸ್ಪಷ್ಟ. ಸಿನಿಮಾದಲ್ಲಿ ಮೊತ್ತ ದೊಡ್ಡದಾಗುತ್ತದೆ, ಮನುಷ್ಯರು ಅವರೇ.

ಆದ್ದರಿಂದ ಮುಹೂರ್ತದ ಆಮಂತ್ರಣ ಪತ್ರಿಕೆಯಿಂದಲೇ ಆರಂಭಿಸಿ. ಕ್ಯಾಮೆರಾ ಬಾಡಿಗೆಗೆ ಮುಂಗಡ ಹೊಂದಿಸಿಲ್ಲ, ಆದರೆ ನಾಲ್ಕು ಮಡಿಕೆಯ ಪತ್ರಿಕೆ ಅಚ್ಚಿಗೆ ಹೋಗಬೇಕಾಗಿದೆ. ದೀಪ ಪ್ರಜ್ವಲನೆ ಯಾರು, ಅಧ್ಯಕ್ಷತೆ ಯಾರದು, ಕ್ಲಾಪ್ ಮಾಡುವವರು ಯಾರು, ಕ್ಯಾಮೆರಾ ಚಾಲನೆ ಯಾರಿಂದ, ಗೌರವ ಉಪಸ್ಥಿತಿಯಲ್ಲಿ ಯಾರ ಭಾವಚಿತ್ರ ದೊಡ್ಡದು, ಯಾರದು ಅಂಚೆಚೀಟಿಯಷ್ಟು? ಮುದ್ರಣಾಲಯದ ಕಂಪ್ಯೂಟರಿನ ಮುಂದೆ ಹುಡುಗ ನಡುರಾತ್ರಿಯವರೆಗೆ ಕುಳಿತು ಹೆಸರುಗಳನ್ನು ಮೇಲೆ ಕೆಳಗೆ ಸರಿಸುತ್ತಿರುವಾಗ ಫೋನಿನಲ್ಲಿ ಒಬ್ಬರು, “ಕತೆ ಚಂದ ಉಂಟು ಮಾರಾಯ, ಆದ್ರೆ ನಮ್ಮ ಭಾವನ ಹೆಸರಿನ ಹಿಂದೆ ‘ಕೊಡುಗೈ ದಾನಿ’ ಅಂತ ಹಾಕ್ಲಿಕ್ಕೆ ಬಿಟ್ಟುಹೋಗಿದೆಯಲ್ಲ” ಎನ್ನಲಿ. ಬೆಳಗಿನ ಹೊತ್ತಿಗೆ ಪತ್ರಿಕೆಯಲ್ಲಿ ಎಲ್ಲರೂ ಇರುತ್ತಾರೆ, ನಿರ್ದೇಶಕನ ಹೆಸರಿಗೆ ಮಾತ್ರ ಜಾಗ ಉಳಿದಿರುವುದಿಲ್ಲ. ಈ ದೃಶ್ಯಕ್ಕೆ ವಿವರಣೆಯ ಒಂದು ಮಾತೂ ಬೇಡ. ಮಂಗಳೂರಿನ ಯಾವ ಚಿತ್ರಮಂದಿರದಲ್ಲಿ ತೋರಿಸಿದರೂ ಜನ ತಮ್ಮ ಊರಿನ ಪತ್ರಿಕೆಯನ್ನೇ ಕಾಣುತ್ತಾರೆ.

ಕಾಮಿಡಿ ಟ್ರ್ಯಾಕ್ ಬೇಡವೇ ಬೇಡ. ಯಕ್ಷಗಾನದ ಹಾಸ್ಯಗಾರನನ್ನು ನೋಡಿ: ದೂತನಾಗಿಯೋ ದ್ವಾರಪಾಲಕನಾಗಿಯೋ ಪ್ರಸಂಗದ ಒಳಗೇ ನಿಂತು ಅರಸನನ್ನು ಪ್ರಶ್ನಿಸುತ್ತಾನೆ. ಅವನು ಹೊರಗಿನಿಂದ ಬಂದು ನಗಿಸಿ ಹೋಗುವವನಲ್ಲ. ನಮ್ಮ ಹಿರಿಯ ಹಾಸ್ಯನಟರು ಎಂಥ ಪಾತ್ರವನ್ನಾದರೂ ಮಾಡಬಲ್ಲವರು. ಅವರಿಗೆ ಹಣ ಹಾಕುವವರ ಪಾತ್ರವನ್ನೇ ಕೊಡಿ, ಆದರೆ ಆ ಪಾತ್ರಗಳು ತಾವು ಕೇಳುವುದು ನ್ಯಾಯ ಎಂದು ಮನಸಾರೆ ನಂಬಿರಲಿ. ಹೋಟೆಲಿನಲ್ಲಿ ತಟ್ಟೆ ತೊಳೆದು ಮೇಲೆ ಬಂದವನಿಗೆ ತನ್ನ ಊರಿನ ದೈವವನ್ನು ತೆರೆಯ ಮೇಲೆ ಕಾಣುವ ಆಸೆ ಇದ್ದರೆ ಅದು ದುರಾಸೆಯಲ್ಲ. ಆ ಆಸೆಗೂ ಹುಡುಗನ ಕಥೆಗೂ ಹೊಂದಾಣಿಕೆಯಾಗದ ಜಾಗದಲ್ಲಿ ನಿಮ್ಮ ಹಾಸ್ಯವಿದೆ.

ಉತ್ತರ 2: ಪ್ರೊಡಕ್ಷನ್ ಕೆಲಸದವ, ಸುರತ್ಕಲ್

ಮೇಲಿನವರ ಮಾತಿಗೆ ನನ್ನ ಪೂರ್ಣ ಸಹಮತವಿದೆ. ಚಿತ್ರೀಕರಣದ ಭಾಗಕ್ಕೆ ಬೇಕಾದ ಸಾಮಗ್ರಿ ನಮ್ಮ ಪಂಚಾಂಗದಲ್ಲಿಯೇ ಇದೆ. ದೀಪಾವಳಿ ಕಳೆದ ಮೇಲೆ ಮಳೆ ಬಿಟ್ಟು ಬೆಳಕು ಚೆನ್ನಾಗಿರುವ ತಿಂಗಳುಗಳಲ್ಲೇ ನಾಟಕ ತಂಡಗಳಿಗೂ ಯಕ್ಷಗಾನ ಮೇಳಗಳಿಗೂ ಬಿಡುವಿಲ್ಲ. ರಾತ್ರಿ ನಾಟಕ ಮುಗಿಸಿ ಬೆಳಗ್ಗೆ ಸೆಟ್ಟಿಗೆ ಬಂದ ಕಲಾವಿದರ ಕಿವಿಯ ಹಿಂದೆ ಹಿಂದಿನ ರಾತ್ರಿಯ ಬಣ್ಣ ಉಳಿದಿರುತ್ತದೆ. ಮೇಕಪ್‌ನವರು ಅದನ್ನು ತೆಂಗಿನೆಣ್ಣೆ ಹಚ್ಚಿ ಒರೆಸುತ್ತಿರುವಾಗಲೇ ಅವರು ಕುಳಿತಲ್ಲೇ ನಿದ್ದೆ ಹೋಗಿರುತ್ತಾರೆ. ಮೇ ಕೊನೆಯ ವಾರದ ಪತ್ತನಾಜೆಯ ದಿನ ಮೇಳಗಳು ಗೆಜ್ಜೆ ಬಿಚ್ಚಿ, ವರ್ಷದ ತಿರುಗಾಟ ಮುಗಿಸಿ, ಎಲ್ಲರೂ ಬಿಡುವಾಗುವ ಹೊತ್ತಿಗೆ ಮಳೆ ಹಿಡಿಯುತ್ತದೆ. ನಿಮ್ಮ ಕಥೆಯಲ್ಲಂತೂ ಇದಕ್ಕಿಂತ ದೊಡ್ಡ ತೊಡಕಿದೆ: ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ, ಕಲಾವಿದರ ಡೇಟ್ಸ್ ಸಿಕ್ಕಿದ ದಿನ ಮಲ್ಪೆಯಲ್ಲಿ ಬೋಟುಗಳೆಲ್ಲ ದಡದಲ್ಲಿ ಸಾಲಾಗಿ ನಿಂತಿರುತ್ತವೆ. ಮೀನು ಮಾರುವವಳ ಸಿನಿಮಾಕ್ಕೆ ಬುಟ್ಟಿ ತುಂಬಿಸಲು ನಿರ್ದೇಶಕನು ಐಸ್‌ಪ್ಲಾಂಟಿನ ಬಾಗಿಲು ಬಡಿಯಬೇಕಾಗುತ್ತದೆ.

ಇನ್ನೊಂದು ವಿಷಯ ಪ್ರಾಣಿಗಳದು. ಪ್ರಾಣಿಗಳನ್ನು ಬಳಸಿ ಚಿತ್ರೀಕರಣ ಮಾಡುವುದಾದರೆ 2001ರ ನಿಯಮಗಳ ಪ್ರಕಾರ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಪೂರ್ವಾನುಮತಿ ಬೇಕು, ಪಶುವೈದ್ಯರ ಪ್ರಮಾಣಪತ್ರ ಬೇಕು, ಮಂಡಳಿಯ ನಿರಾಕ್ಷೇಪಣಾ ಪತ್ರ ಇಲ್ಲದಿದ್ದರೆ ಸೆನ್ಸಾರ್ ಮುಂದೆ ಹೋಗುವುದು ಕಷ್ಟ. ಮಂಡಳಿಯ ಕಚೇರಿ ಇರುವುದು ಹರಿಯಾಣದಲ್ಲಿ. ಕಂಬಳಕ್ಕೆ 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೇ ಸಮ್ಮತಿ ಕೊಟ್ಟಿದೆ. ಆದರೂ ಹಟ್ಟಿಯಿಂದ ಗದ್ದೆಗೆ ನಡೆದು ಹೋಗುವ ಒಂದು ಕೋಣವನ್ನು ನಿಮ್ಮ ದೃಶ್ಯಕ್ಕೆ ಬಳಸಬೇಕಾದರೆ ಕಾಗದ ಓಡಾಡಬೇಕು. ಆ ನಿಯಮವನ್ನು ಹೀಯಾಳಿಸಬೇಡಿ, ಅದಿಲ್ಲದ ಕಾಲದಲ್ಲಿ ಪ್ರಾಣಿಗಳು ಪಟ್ಟ ಪಾಡು ಸಣ್ಣದಲ್ಲ. ನಿರ್ಮಾಪಕರು ಕಥೆಗೆ ಬೇಡದ ಕೋಣವನ್ನು ತುರುಕಿದ ಮೇಲೆ ಅದರ ಕಾಗದದ ಹೊರೆ ಹುಡುಗನ ತಲೆಗೆ ಬೀಳುವುದನ್ನು ತೋರಿಸಿದರೆ ಸಾಕು.

ಉತ್ತರ 3: ಸೆಕೆಂಡ್ ಶೋ, ಮಣಿಪಾಲ

ಭಾಷೆಯ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ. ತುಳು ಸಿನಿಮಾ 1971ರಲ್ಲಿ ‘ಎನ್ನ ತಂಗಡಿ’ಯಿಂದ ಶುರುವಾದರೂ, ಜನ ಮತ್ತೆ ಸಾಲುಗಟ್ಟಿ ಚಿತ್ರಮಂದಿರಕ್ಕೆ ಬಂದದ್ದು 2011ರಲ್ಲಿ, ವಿಜಯಕುಮಾರ್ ಕೊಡಿಯಾಲ್‌ಬೈಲ್ ಅವರ ನಾಟಕ ‘ಒರಿಯರ್ದೊರಿ ಅಸಲ್’ ತೆರೆಗೆ ಬಂದಾಗ. ತುಳುವಿನ ಮಾರುಕಟ್ಟೆ ಎಂದರೆ ಈ ಎರಡು ಜಿಲ್ಲೆ, ಕಾಸರಗೋಡಿನ ಒಂದು ಭಾಗ, ಮುಂಬೈ ಮತ್ತು ಕೊಲ್ಲಿಯ ಪ್ರದರ್ಶನಗಳು; ಬಜೆಟ್ ಅಷ್ಟರೊಳಗೇ ಇರಬೇಕು. ಕರಾವಳಿಯ ಕನ್ನಡವನ್ನು ಹಾಗೆಯೇ ಉಳಿಸಿಕೊಂಡು ಇಡೀ ರಾಜ್ಯವನ್ನು ನಗಿಸಬಹುದು ಎಂಬುದಕ್ಕೆ 2017ರ ‘ಒಂದು ಮೊಟ್ಟೆಯ ಕಥೆ’ ಮತ್ತು 2025ರ ‘ಸು ಫ್ರಮ್ ಸೋ’ ನಮ್ಮ ಕಣ್ಣೆದುರಿಗಿವೆ. ಆದರೆ ನಿಮ್ಮ ನಾಯಕ ಬ್ರಹ್ಮಾವರದವನು. ಅವನ ಮನೆಯಲ್ಲಿ ಕುಂದಾಪ್ರ ಕನ್ನಡ, ಬಂದರಿನಲ್ಲಿ ತುಳು, ಮದುವೆ ಮನೆಗಳಲ್ಲಿ ಕೊಂಕಣಿ, ಗಾಂಧಿನಗರದಲ್ಲಿ ಬೆಂಗಳೂರು ಕನ್ನಡ. ಕನ್ನಡ ಚಿತ್ರ ಮಾಡಿ, ಅವರವರ ಮಾತನ್ನು ಅವರವರ ಬಾಯಲ್ಲಿಯೇ ಬಿಡಿ.

ಬಿಡುಗಡೆಯ ಭಾಗವನ್ನು ದಯವಿಟ್ಟು ಅವಸರದಲ್ಲಿ ಮುಗಿಸಬೇಡಿ. ರೀಲಿನ ಕಾಲ ಮುಗಿದಿದ್ದರೂ ಡಿಜಿಟಲ್ ಪ್ರದರ್ಶನಕ್ಕೆಂದು ವರ್ಚುವಲ್ ಪ್ರಿಂಟ್ ಶುಲ್ಕವನ್ನು ನಿರ್ಮಾಪಕರು ಕಟ್ಟಬೇಕಾಗುತ್ತದೆ. ಹೊಸಬರ ಚಿತ್ರಕ್ಕೆ ಸಿಕ್ಕುವ ಪ್ರದರ್ಶನ ಬೆಳಗಿನ ಹೊತ್ತಿನದು. ಜನ ಕೆಲಸದಲ್ಲಿರುವ ಹೊತ್ತಿಗೆ ಚಿತ್ರವಿಟ್ಟು, ಜನ ಬರಲಿಲ್ಲವೆಂದು ಸೋಮವಾರ ಅದನ್ನೂ ತೆಗೆಯುತ್ತಾರೆ. ನನಗೆ ನಿಜವಾಗಿ ಸಿಟ್ಟು ತರಿಸುವ ಸಂಗತಿ ಇದು.

ಪಡುಕರೆಯವ, ಉಡುಪಿ

ಮೂವರಿಗೂ ಕೃತಜ್ಞತೆಗಳು. ಆಮಂತ್ರಣ ಪತ್ರಿಕೆಯ ದೃಶ್ಯವನ್ನು ನಿಮ್ಮ ಅನುಮತಿಯಿದ್ದರೆ ಬಳಸಿಕೊಳ್ಳುತ್ತೇನೆ. ಒಂದು ಆತಂಕ ಉಳಿದಿದೆ. ಹೋಟೆಲ್ ಉದ್ಯಮಿಗಾಗಿ ಹುಡುಗ ದೈವದ ದೃಶ್ಯ ತೆಗೆಯುವುದನ್ನು ತೋರಿಸಬೇಕೇ? 2022ರಲ್ಲಿ ‘ಕಾಂತಾರ’ ಬಂದ ಮೇಲೆ ವೇಷ ಹಾಕಿ ಅನುಕರಿಸುವುದರ ಬಗ್ಗೆ ದೈವಾರಾಧಕರು ಎತ್ತಿರುವ ಆಕ್ಷೇಪವನ್ನು ನಾನು ಗೌರವಿಸುತ್ತೇನೆ.

ಉತ್ತರ: ರಂಗಸ್ಥಳ, ಮಂಗಳೂರು

ಧಾರಾಳವಾಗಿ ಬಳಸಿಕೊಳ್ಳಿ. ದೈವದ ದೃಶ್ಯವನ್ನು ಖಂಡಿತ ತೆಗೆಯಬೇಡಿ, ನಿಮ್ಮ ಚಿತ್ರದೊಳಗಿನ ಚಿತ್ರದಲ್ಲಿಯೂ ಬೇಡ. ಹುಡುಗ ಅನುಮತಿ ಕೇಳಲು ಊರಿನ ದೈವದ ಹೊಣೆ ಹೊತ್ತ ಗುತ್ತಿನ ಮನೆಯ ಜಗಲಿಗೆ ಹೋಗಲಿ, ಹಿರಿಯರು ಬೆಲ್ಲ ನೀರು ಕೊಟ್ಟು ಕೂರಿಸಿ, ಅವನ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಕೇಳಲಿ. ಅಲ್ಲಿಯವರೆಗೆ ಯಾರೂ ಅದನ್ನು ಪೂರ್ತಿ ಕೇಳಿರುವುದಿಲ್ಲವಲ್ಲ. ಕೇಳಿಯಾದ ಮೇಲೆ ಅವರು, “ಇದರಲ್ಲಿ ದೈವ ಎಲ್ಲಿ ಬರುತ್ತದೆ ಮಗ? ಆ ಹೆಂಗಸಿನ ಕತೆಯನ್ನೇ ಮಾಡು” ಎನ್ನಲಿ. ಅಲ್ಲಿಂದ ಮುಂದಿನ ಹಾಸ್ಯವನ್ನು ಆ ಮಾತಿನ ಮೇಲೆ ಕಟ್ಟಿ: ಹಿರಿಯರ ಒಪ್ಪಿಗೆ ಸಿಕ್ಕಿದ್ದು ನಿಜ, ಆದರೆ ಯಾವುದಕ್ಕೆ ಎಂಬುದನ್ನು ಮುಂಬೈಗೆ ಫೋನು ಮಾಡಿ ಹೇಳುವ ಧೈರ್ಯ ಹುಡುಗನಿಗಿಲ್ಲ. ಮಧ್ಯಂತರವನ್ನು ಅಲ್ಲಿಯೇ ಇಡಬಹುದು. ಬರೆದಾದ ಮೇಲೆ ಕರಡನ್ನು ಕಳುಹಿಸಿ, ನಮ್ಮ ತಂಡದವರೊಂದಿಗೆ ಕುಳಿತು ಗಟ್ಟಿಯಾಗಿ ಓದಿ ನೋಡೋಣ.