ಹಳೆಯ ಫರ್ನೇಸ್ ಬದಲಿಸಲು ಸರ್ಕಾರದ ನೆರವು: ಎನರ್ಜಿ ಆಡಿಟರ್ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಫೌಂಡ್ರಿ ಮಾಲೀಕರು, ಬೆಳಗಾವಿ):
ನಮಸ್ಕಾರ ಸರ್. ಉದ್ಯಮಬಾಗ್‌ನಲ್ಲಿ ನಮ್ಮದೊಂದು ಸಣ್ಣ ಫೌಂಡ್ರಿ (ಲೋಹದ ಎರಕ ಹೊಯ್ಯುವ ಕಾರ್ಖಾನೆ) ಇದೆ. 500 ಕಿಲೋ ಸಾಮರ್ಥ್ಯದ ಹಳೆಯ ಇಂಡಕ್ಷನ್ ಫರ್ನೇಸಿನಲ್ಲಿ (ವಿದ್ಯುತ್ ಕುಲುಮೆ) ತಿಂಗಳಿಗೆ ಸುಮಾರು 100 ಟನ್ ಬೀಡು (ಎರಕದ ಕಬ್ಬಿಣ) ಕರಗಿಸುತ್ತೇವೆ. ಕರಗಿಸುವುದಕ್ಕೇ ಟನ್ನಿಗೆ 700 ಯೂನಿಟ್ ಖರ್ಚಾಗುತ್ತಿದೆ. ಹೊಸ ಐಜಿಬಿಟಿ (ಆಧುನಿಕ ಎಲೆಕ್ಟ್ರಾನಿಕ್ ಸ್ವಿಚ್‌ಗಳಿಂದ ವಿದ್ಯುತ್ ನಿಯಂತ್ರಿಸುವ) ಫರ್ನೇಸಿಗೆ 40 ಲಕ್ಷ ರೂಪಾಯಿಯ ಕೊಟೇಶನ್ ತರಿಸಿದ್ದೇವೆ. ಕೇಂದ್ರ ಸರ್ಕಾರದ ಹೊಸ ಯೋಜನೆಯಲ್ಲಿ ಅರ್ಧ ಹಣ ಸಬ್ಸಿಡಿಯಾಗಿ ಮರಳಿ ಬರುತ್ತದೆ, ಈ ವಾರವೇ ಮುಂಗಡ ಕೊಡಿ ಎಂದು ಮಾರಾಟಗಾರರು ಒತ್ತಾಯಿಸುತ್ತಿದ್ದಾರೆ. ಇದನ್ನು ನಂಬಬಹುದೇ?

ಉತ್ತರ:
ನಮಸ್ಕಾರ. ದಯವಿಟ್ಟು ಈ ವಾರ ಮುಂಗಡ ಕೊಡಬೇಡಿ. ಅವರು ಹೇಳುತ್ತಿರುವುದು ಬಹುಶಃ ‘ಅಡೀಟಿ’ ಯೋಜನೆಯ ಬಗ್ಗೆ. ಕೇಂದ್ರ ವಿದ್ಯುತ್ ಸಚಿವಾಲಯವು 2025ರ ಜುಲೈನಲ್ಲಿ ಪಾಣಿಪತ್‌ನಲ್ಲಿ ಇದಕ್ಕೆ ಚಾಲನೆ ನೀಡಿತು. ಇಂಧನ ದಕ್ಷತಾ ಬ್ಯೂರೋ, ಅಂದರೆ ಬಿಇಇ, ಇದನ್ನು ನಡೆಸುತ್ತಿದೆ. 2025-26ರಿಂದ 2027-28ರವರೆಗಿನ ಮೂರು ವರ್ಷಗಳಿಗೆ 1,000 ಕೋಟಿ ರೂಪಾಯಿ ಮೀಸಲಿಡಲಾಗಿದ್ದು, ಅದರಲ್ಲಿ 875 ಕೋಟಿ ಬಡ್ಡಿ ರಿಯಾಯಿತಿಗೆ, 50 ಕೋಟಿ ಎನರ್ಜಿ ಆಡಿಟ್‌ಗೆ (ಇಂಧನ ಬಳಕೆಯ ತಪಾಸಣೆ) ಮತ್ತು ಉಳಿದ 75 ಕೋಟಿ ಅನುಷ್ಠಾನದ ಬೆಂಬಲಕ್ಕೆ ಹಂಚಿಕೆಯಾಗಿದೆ. ಯಂತ್ರದ ಅರ್ಧ ಬೆಲೆಯನ್ನು ಸರ್ಕಾರ ಕೊಡುತ್ತದೆ ಎಂಬ ಮಾತು ಇದರಲ್ಲಿ ಎಲ್ಲಿಯೂ ಇಲ್ಲ. ಇಂಧನ ಉಳಿಸುವ ಯಂತ್ರಕ್ಕಾಗಿ ಪಡೆದ ಸಾಲದ ಬಡ್ಡಿಯಲ್ಲಿ ಅತಿಸಣ್ಣ ಮತ್ತು ಸಣ್ಣ ಉದ್ಯಮಗಳಿಗೆ ಶೇ. 5, ಮಧ್ಯಮ ಉದ್ಯಮಗಳಿಗೆ ಶೇ. 3 ರಿಯಾಯಿತಿ ಸಿಗುತ್ತದೆ, ಅಷ್ಟೇ.

ನಿಮ್ಮ ಲೆಕ್ಕಕ್ಕೆ ಇಳಿಸಿ ಹೇಳುವುದಾದರೆ, ಪೂರ್ತಿ 40 ಲಕ್ಷವನ್ನು ಶೇ. 10.5ರ ಬಡ್ಡಿಗೆ ಸಾಲ ಪಡೆದಿರಿ ಎಂದುಕೊಳ್ಳೋಣ. ಮೊದಲ ವರ್ಷ ಹೆಚ್ಚೆಂದರೆ 4.2 ಲಕ್ಷ ರೂಪಾಯಿಯ ಬಡ್ಡಿಯಲ್ಲಿ 2 ಲಕ್ಷ ಕಡಿತವಾಗುತ್ತದೆ. ಅಸಲು ತೀರುತ್ತ ಹೋದಂತೆ ಈ ಮೊತ್ತವೂ ಕರಗುತ್ತದೆ. ಒಳ್ಳೆಯ ನೆರವೇ ಸರಿ, ಆದರೆ ಮಾರಾಟಗಾರರು ತೋರಿಸಿದ 20 ಲಕ್ಷ ಅದಲ್ಲ.

ಅರ್ಹತೆಯ ವಿಷಯದಲ್ಲಿ, ಯೋಜನೆಗೆ ಸೇರಿದ 14 ಕ್ಷೇತ್ರಗಳಲ್ಲಿ ಫೌಂಡ್ರಿಯೂ ಇದೆ. ಆದರೆ ಮೊದಲ ಹಂತದಲ್ಲಿ 60 ಕ್ಲಸ್ಟರ್‌ಗಳು (ಒಂದೇ ಕಡೆ ಇರುವ ಒಂದೇ ಬಗೆಯ ಉದ್ಯಮಗಳ ಗುಂಪುಗಳು), ಎರಡನೆಯ ಹಂತದಲ್ಲಿ 100 ಕ್ಲಸ್ಟರ್‌ಗಳು ಎಂದು ವಿಂಗಡಿಸಿರುವುದರಿಂದ ನಿಮ್ಮ ಕ್ಲಸ್ಟರಿನ ಸರದಿ ಯಾವಾಗ ಎಂಬುದನ್ನು ಬಿಇಇ ಪಟ್ಟಿಯಲ್ಲಿಯೇ ನೋಡಿಕೊಳ್ಳಿ. ಉದ್ಯಮ್ ನೋಂದಣಿ (ಎಂಎಸ್‌ಎಂಇ, ಅಂದರೆ ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಸರ್ಕಾರಿ ನೋಂದಣಿ) ಕೈಯಲ್ಲಿರಲಿ. ಹೂಡಿಕೆ 25 ಕೋಟಿ ಹಾಗೂ ವಹಿವಾಟು 100 ಕೋಟಿಯ ಒಳಗಿದ್ದರೆ, 2025ರ ಏಪ್ರಿಲ್‌ನಿಂದ ಜಾರಿಗೆ ಬಂದ ವ್ಯಾಖ್ಯೆಯಂತೆ ನೀವು ಸಣ್ಣ ಉದ್ಯಮವೇ.

ಮುಂಗಡ ಬೇಡ ಎಂದದ್ದಕ್ಕೆ ಕಾರಣವಿದೆ. ಹೊಸ ತಂತ್ರಜ್ಞಾನದಿಂದ ಕನಿಷ್ಠ ಶೇ. 10ರಷ್ಟು ಇಂಧನ ಉಳಿತಾಯವಾಗಬೇಕು ಎಂಬುದು ಷರತ್ತು. ಉಳಿತಾಯವನ್ನು ಸಾಬೀತುಪಡಿಸಲು ಮೊದಲಿನ ಬಳಕೆ ಎಷ್ಟಿತ್ತು ಎಂಬುದು ಆಡಿಟ್‌ನಲ್ಲಿ ದಾಖಲಾಗಿರಬೇಕು. ಹಳೆಯ ಫರ್ನೇಸನ್ನು ಗುಜರಿಗೆ ಹಾಕಿದ ಮೇಲೆ ಬಂದ ಆಡಿಟರ್ ಏನನ್ನು ಅಳೆಯಬೇಕು? ಆಡಿಟ್, ಯೋಜನಾ ವರದಿ, ಸಾಲದ ಮಂಜೂರಾತಿ, ಖರೀದಿ, ಅಳವಡಿಸಿದ ನಂತರದ ಪರಿಶೀಲನೆ ಎಂಬ ಅನುಕ್ರಮವನ್ನು ತಪ್ಪಿಸಬೇಡಿ.

ಆಡಿಟರ್ ಬರುವ ಮೊದಲೇ ನೀವು ಮಾಡಬಹುದಾದ ಕೆಲಸವೊಂದಿದೆ. ಪ್ರತಿ ಹೀಟ್‌ಗೂ, ಅಂದರೆ ಪ್ರತಿ ಸಲ ಕರಗಿಸುವಾಗಲೂ, ಆರಂಭದ ಮತ್ತು ಕೊನೆಯ ಮೀಟರ್ ರೀಡಿಂಗ್, ಹಾಕಿದ ಚಾರ್ಜಿನ (ಕರಗಿಸಲು ತುಂಬುವ ಲೋಹದ) ತೂಕ, ಲೋಹವನ್ನು ಹೊರತೆಗೆದ ವೇಳೆ ಮತ್ತು ಉಷ್ಣತೆ, ಇಷ್ಟನ್ನು ಫರ್ನೇಸ್ ಪಕ್ಕದಲ್ಲಿಯೇ ಒಂದು ಪುಸ್ತಕದಲ್ಲಿ ಬರೆಯಿಸಿ. ಬೀಡನ್ನು 1,500 ಡಿಗ್ರಿ ಸೆಲ್ಸಿಯಸ್‌ಗೆ ತರಲು ಲೋಹಕ್ಕೆ ಬೇಕಾಗುವ ಶಾಖ ಟನ್ನಿಗೆ ಸುಮಾರು 400 ಯೂನಿಟ್ ಮಾತ್ರ, ಉಳಿದದ್ದು ನಷ್ಟ. ಆ ನಷ್ಟಕ್ಕೆಲ್ಲ ಹಳೆಯ ಯಂತ್ರವೇ ಕಾರಣ ಎಂದುಕೊಳ್ಳಬೇಡಿ. ಚಾರ್ಜ್ ಹಾಕಲು ಅಡ್ಡಿಯಾಗುತ್ತದೆಂದು ಫರ್ನೇಸಿನ ಮುಚ್ಚಳವನ್ನು ಮೂಲೆಗೆ ಸರಿಸಿಟ್ಟ ಫೌಂಡ್ರಿಗಳೇ ಹೆಚ್ಚು. ಎರಕದಿಂದ ಕತ್ತರಿಸಿ ತೆಗೆದ ಹೆಚ್ಚುವರಿ ತುಂಡುಗಳಾದ ರನ್ನರ್, ರೈಸರ್‌ಗಳಿಗೆ ಅಂಟಿದ ಮರಳನ್ನು ಉದುರಿಸದೆ ಹಾಗೆಯೇ ಮತ್ತೆ ಒಳಗೆ ಹಾಕಿದರೆ, ಆ ಮರಳನ್ನು ಕರಗಿಸಿ ಸ್ಲ್ಯಾಗ್ (ಕಿಟ್ಟ) ಮಾಡುವುದಕ್ಕೂ ಹೆಸ್ಕಾಂಗೆ ದುಡ್ಡು ಕಟ್ಟಿದಂತಾಗುತ್ತದೆ. ಇನ್ನು ಲೋಹ ಸಿದ್ಧವಾದ ಮೇಲೆ ಅಚ್ಚುಗಳು ತಯಾರಿಲ್ಲವೆಂದು ಫರ್ನೇಸನ್ನು ಕಾಯಿಸುತ್ತ ನಿಲ್ಲಿಸಿಕೊಳ್ಳುವ ಆ ಕಾಲು ಗಂಟೆ ಯಾವ ಕೊಟೇಶನ್ನಿನಲ್ಲಿಯೂ ಕಾಣುವುದಿಲ್ಲ, ಬಿಲ್ಲಿನಲ್ಲಿ ಮಾತ್ರ ಕಾಣುತ್ತದೆ.

ಮರುಪ್ರಶ್ನೆ (ಅದೇ ಮಾಲೀಕರು):
ಧನ್ಯವಾದಗಳು ಸರ್. ಒಂದು ಅನುಮಾನವಿದೆ. ಮುಚ್ಚಳ, ಮರಳು ಎಲ್ಲವನ್ನೂ ಸರಿಪಡಿಸಿ ಬಳಕೆಯನ್ನು ಮೊದಲೇ ಇಳಿಸಿಬಿಟ್ಟರೆ, ಆಮೇಲೆ ಹೊಸ ಫರ್ನೇಸಿನಲ್ಲಿ ಶೇ. 10 ಉಳಿತಾಯ ತೋರಿಸಲಾಗದೆ ಯೋಜನೆಯೇ ಕೈತಪ್ಪಬಹುದಲ್ಲವೇ? ಆಡಿಟ್ ಮುಗಿಯುವವರೆಗೆ ಇದ್ದಂತೆಯೇ ಇರಲಿ ಎಂದು ನಮ್ಮ ಮ್ಯಾನೇಜರ್ ಹೇಳುತ್ತಿದ್ದಾರೆ.

ಉತ್ತರ:
ನಿಮ್ಮ ಮ್ಯಾನೇಜರ್ ಯೋಜನೆಯ ಷರತ್ತನ್ನು ಸರಿಯಾಗಿ ಓದಿದ್ದಾರೆ, ಲಾಭನಷ್ಟದ ಪಟ್ಟಿಯನ್ನು ಓದಿಲ್ಲ. ಶಿಸ್ತಿನಿಂದಲೇ ಟನ್ನಿನ ಬಳಕೆ 700 ಯೂನಿಟ್‌ನಿಂದ 650ಕ್ಕೆ ಇಳಿಯಿತು ಎನ್ನೋಣ. ಯೂನಿಟ್‌ಗೆ 7 ರೂಪಾಯಿ ಹಿಡಿದರೆ ತಿಂಗಳಿಗೆ 35,000, ವರ್ಷಕ್ಕೆ 4.2 ಲಕ್ಷ ರೂಪಾಯಿ ಸಾಲವಿಲ್ಲದೆ ಉಳಿಯುತ್ತದೆ. ಇದು ಮೊದಲ ವರ್ಷದ ಬಡ್ಡಿ ರಿಯಾಯಿತಿಯ ಎರಡರಷ್ಟು.

ಆಮೇಲೆ ಹೊಸ ಫರ್ನೇಸ್ 580ಕ್ಕೆ ಇಳಿಸುತ್ತದೆ ಎಂದಾದರೆ ಉಳಿತಾಯ ಶೇ. 10.8, ಷರತ್ತು ಪೂರೈಸುತ್ತದೆ. 600ಕ್ಕೆ ಮಾತ್ರ ಇಳಿಸಿದರೆ ಶೇ. 7.7, ಪೂರೈಸುವುದಿಲ್ಲ. ಆದರೆ ಆಗ ಆ ಯಂತ್ರ ದುಡಿದುಕೊಡುವುದೂ ವರ್ಷಕ್ಕೆ 4.2 ಲಕ್ಷವೇ, ಬಡ್ಡಿಯನ್ನು ಬಿಟ್ಟರೂ 40 ಲಕ್ಷ ಮರಳಲು ಒಂಬತ್ತು ವರ್ಷ ದಾಟುತ್ತದೆ. ಮುಚ್ಚಳ ತೆರೆದಿಟ್ಟು 700 ಎಂದು ದಾಖಲಿಸಿದರೆ ರಿಯಾಯಿತಿ ಸಿಗಬಹುದು, ಸಾಲದ ಕಂತನ್ನು ಮಾತ್ರ ನೀವೇ ಕಟ್ಟಬೇಕು.

ಪ್ರಶ್ನೆ (ತಿಂಡಿ ತಯಾರಿಕಾ ಘಟಕದ ಒಡತಿ, ದಾವಣಗೆರೆ):
ಸರ್, ಮಹಿಳೆಯರ ಘಟಕಗಳಿಗೆ ಝೆಡ್ (ದೋಷರಹಿತ, ಪರಿಸರಕ್ಕೆ ಹಾನಿಯಿಲ್ಲದ ಉತ್ಪಾದನೆಯ) ಪ್ರಮಾಣಪತ್ರ ಉಚಿತವೆಂದು ಕೇಳಿದೆ. ಅದರಿಂದ ಹೊಸ ಓವನ್ ಕೊಳ್ಳಲು ಹಣ ಸಿಗುತ್ತದೆಯೇ? ಚಾವಣಿಯ ಸೋಲಾರ್‌ಗೂ ಸಬ್ಸಿಡಿ ಇದೆಯೇ?

ಉತ್ತರ:
ಉಚಿತವೆಂಬುದು ನಿಜ, ಮೇಡಂ. ಎಂಎಸ್‌ಎಂಇ ಸಚಿವಾಲಯದ ಝೆಡ್‌ನಲ್ಲಿ ಕಂಚಿನ ಹಂತಕ್ಕೆ 10,000, ಬೆಳ್ಳಿಗೆ 40,000, ಚಿನ್ನಕ್ಕೆ 90,000 ರೂಪಾಯಿ ಶುಲ್ಕವಿದ್ದು, ಅತಿಸಣ್ಣ ಘಟಕಗಳಿಗೆ ಶೇ. 80 ಸಹಾಯಧನವಿದೆ, ಮಹಿಳಾ ಮಾಲೀಕತ್ವದ ಘಟಕಗಳಿಗೆ ಪೂರ್ತಿ ಮನ್ನಾ. ಆದರೆ ಅದು ಪ್ರಮಾಣಪತ್ರದ ಶುಲ್ಕಕ್ಕೆ ಸಂಬಂಧಿಸಿದ ನೆರವು, ಓವನ್ನಿನ ಬೆಲೆಗಲ್ಲ. ಓವನ್ನಿಗೆ ಆಹಾರ ಸಂಸ್ಕರಣೆಯ ಅಡಿಯಲ್ಲಿ ಅಡೀಟಿಯನ್ನೇ ವಿಚಾರಿಸಿ. ಆಹಾರ ಸಂಸ್ಕರಣೆಯೂ ಅದರ 14 ಕ್ಷೇತ್ರಗಳಲ್ಲಿ ಸೇರಿದೆ. ಸೋಲಾರ್ ವಿಷಯದಲ್ಲಿ, ಪಿಎಂ ಸೂರ್ಯಘರ್ ಸಬ್ಸಿಡಿ ಮನೆಗಳಿಗೆ ಮಾತ್ರ. ಅತಿಸಣ್ಣ, ಸಣ್ಣ ಉದ್ಯಮಗಳ ಹಸಿರು ತಂತ್ರಜ್ಞಾನಕ್ಕೆ ಸಣ್ಣ ಉದ್ಯಮಗಳ ಅಭಿವೃದ್ಧಿ ಬ್ಯಾಂಕ್ ಆದ ಸಿಡ್ಬಿ ಮೂಲಕ ನಡೆಯುವ ಗಿಫ್ಟ್ ಯೋಜನೆಯಲ್ಲಿ 2 ಕೋಟಿವರೆಗಿನ ಸಾಲಕ್ಕೆ ಶೇ. 2 ಬಡ್ಡಿ ರಿಯಾಯಿತಿ ಇದೆ.

ಪ್ರಶ್ನೆ (ವಿದ್ಯುತ್ ಮಗ್ಗದ ಘಟಕ, ಬನಹಟ್ಟಿ):
ಸರ್, ನಾವು ಪರಿಶಿಷ್ಟ ಜಾತಿಗೆ ಸೇರಿದವರು. ಬಡ್ಡಿಯಲ್ಲಲ್ಲದೆ ಯಂತ್ರದ ಬೆಲೆಯಲ್ಲಿಯೇ ನೆರವು ಕೊಡುವ ಯೋಜನೆ ಯಾವುದಾದರೂ ಇದೆಯೇ?

ಉತ್ತರ:
ಇದೆ. ರಾಷ್ಟ್ರೀಯ ಎಸ್‌ಸಿ-ಎಸ್‌ಟಿ ಹಬ್‌ನ ವಿಶೇಷ ಸಾಲಸಂಬಂಧಿತ ಬಂಡವಾಳ ಸಬ್ಸಿಡಿಯಲ್ಲಿ, ಬ್ಯಾಂಕ್ ಸಾಲದಿಂದ ಕೊಂಡ ಯಂತ್ರೋಪಕರಣಗಳಿಗೆ ಶೇ. 25, ಗರಿಷ್ಠ 25 ಲಕ್ಷ ರೂಪಾಯಿ ಸಿಗುತ್ತದೆ. ಇಂಧನ ಉಳಿತಾಯಕ್ಕೆಂದೇ ಮಾಡಿದ ಯೋಜನೆ ಅಲ್ಲದಿದ್ದರೂ ನಿಮಗೆ ಇದೇ ಹೆಚ್ಚು ಲಾಭದಾಯಕ. ಸಾಲದ ಅರ್ಜಿ ಹಾಕುವಾಗಲೇ ಬ್ಯಾಂಕಿಗೆ ಇದನ್ನು ತಿಳಿಸಿ.

ಮರುಪ್ರಶ್ನೆ (ಬೆಳಗಾವಿಯ ಮಾಲೀಕರು):
ಸರ್, ಮುಂಗಡ ನಿಲ್ಲಿಸಿದ್ದೇವೆ. ಮುಂದೆ ಖರೀದಿಗೆ ಹೋಗುವುದಾದರೆ ಆರ್ಡರಿನಲ್ಲಿ ಏನು ಬರೆಯಿಸಬೇಕು?

ಉತ್ತರ:
ಟನ್ನಿಗೆ ಇಷ್ಟು ಯೂನಿಟ್ ಎಂಬ ಖಾತರಿಯನ್ನು ಬರೆಯಿಸಿ. ಯಾವ ಉಷ್ಣತೆಗೆ, ಎಂಥ ಚಾರ್ಜಿಗೆ, ತಣ್ಣಗಿನ ಫರ್ನೇಸಿನ ಮೊದಲ ಹೀಟ್‌ಗೋ ಅಥವಾ ಬಿಸಿಯಾದ ನಂತರದ ಹೀಟ್‌ಗೋ, ಮೀಟರ್ ಟ್ರಾನ್ಸ್‌ಫಾರ್ಮರಿನ ಯಾವ ಬದಿಗೆ ಎಂಬುದೆಲ್ಲ ಅದರಲ್ಲಿರಲಿ, ಇಲ್ಲವಾದರೆ ಯಾವ ಅಂಕಿಗೂ ಬೆಲೆಯಿಲ್ಲ. ನಿಮ್ಮದೇ ಶೆಡ್ಡಿನಲ್ಲಿ, ನಿಮ್ಮದೇ ಸ್ಕ್ರ್ಯಾಪ್ ಹಾಕಿ ನಡೆಸುವ ಪರೀಕ್ಷೆಯಲ್ಲಿ ಆ ಅಂಕಿ ಬರುವವರೆಗೆ ಶೇ. 10ರಷ್ಟು ಹಣವನ್ನು ತಡೆಹಿಡಿಯಿರಿ. ಈ ಷರತ್ತಿಗೆ ಸಹಿ ಹಾಕಲು ಹಿಂಜರಿಯುವವರ ಕೊಟೇಶನ್ ಪಕ್ಕಕ್ಕಿಟ್ಟು ಬೇರೊಬ್ಬರನ್ನು ಕೇಳಿ.