ಮಾಳಿಗೆಯ ಮೇಲೆ ತೋಟ, ಕೈಯಲ್ಲಿ ಕುಂಚ: ಶುರು ಎಲ್ಲಿಂದ, ಜೊತೆ ಯಾರು?

ಕೇಳಿದವರು: ನಿವೃತ್ತ ಶಿಕ್ಷಕಿ, ಕಲಬುರಗಿ

ಎಲ್ಲರಿಗೂ ನಮಸ್ಕಾರ. 32 ವರ್ಷ ಕನ್ನಡ ಶಾಲೆಯಲ್ಲಿ ಪಾಠ ಮಾಡಿ ಹೋದ ವರ್ಷ ನಿವೃತ್ತಳಾದೆ. ಮಕ್ಕಳಿಬ್ಬರೂ ಹೊರ ಊರಿನಲ್ಲಿದ್ದಾರೆ. ಮನೆಯವರು ಬೆಳಿಗ್ಗೆ ಹೊಲಕ್ಕೆ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಗಿಡ ಬೆಳೆಸಬೇಕು, ಚಿತ್ರ ಬಿಡಿಸಬೇಕು ಎಂಬ ಆಸೆ ಹುಡುಗಿಯಾಗಿದ್ದಾಗಿನಿಂದ ಇದೆ. ಈಗ ಹೊತ್ತೂ ಇದೆ, ಮಾಳಿಗೆಯೂ ಖಾಲಿ ಇದೆ.

ಫೆಬ್ರವರಿ ಕೊನೆಗೆ ಹನ್ನೆರಡು ಕುಂಡ ತಂದು ಗುಲಾಬಿ, ಸೇವಂತಿಗೆ ಹಚ್ಚಿದೆ. ಏಪ್ರಿಲ್ ಮುಗಿಯುವುದರೊಳಗೆ ಒಂಬತ್ತು ಒಣಗಿದವು. ಚಿತ್ರಕಲೆಯ ತರಗತಿಗೂ ಒಂದು ದಿನ ಹೋದೆ. ಅಲ್ಲಿದ್ದವರೆಲ್ಲ ಹತ್ತು ಹನ್ನೆರಡು ವರ್ಷದ ಮಕ್ಕಳು. ಒಂದು ಹುಡುಗಿ ಎದ್ದು ನಿಂತು "ಟೀಚರ್, ನಮಗೆ ಕಲಿಸಲು ಬಂದಿದ್ದೀರಾ?" ಎಂದು ಕೇಳಿದಳು. ಮರುದಿನ ಹೋಗಲು ಕಾಲು ಏಳಲಿಲ್ಲ.

ಈ ಬಿಸಿಲಿನಲ್ಲಿ ತೋಟ ಯಾವಾಗ ಶುರು ಮಾಡಬೇಕು? ತರಗತಿಗೆ ಹೋಗಬೇಕೇ, ಮನೆಯಲ್ಲೇ ಕಲಿಯಬಹುದೇ? ಎಲ್ಲಕ್ಕಿಂತ ಮುಖ್ಯವಾಗಿ, ಈ ವಯಸ್ಸಿನಲ್ಲಿ ಇಂಥ ಆಸೆಗೆ ಜೊತೆಯಾಗುವ ಗೆಳತಿಯರು ಎಲ್ಲಿ ಸಿಗುತ್ತಾರೆ? ನಿಮ್ಮ ಅನುಭವ ತಿಳಿಸಿ.

ಗೃಹಿಣಿ, ಕಲಬುರಗಿ (ಒಂಬತ್ತು ವರ್ಷದ ಮಾಳಿಗೆ ತೋಟ)

ಟೀಚರ್, ಗಿಡ ಒಣಗಿದ್ದಕ್ಕೆ ನಿಮ್ಮ ಕೈಗುಣ ಕಾರಣವಲ್ಲ, ತಿಂಗಳು ಕಾರಣ. ನಮ್ಮ ಊರಿನಲ್ಲಿ ಫೆಬ್ರವರಿ ಕೊನೆಗೆ ಹಚ್ಚಿದ ಗಿಡ ಬೇರು ಬಿಡುವ ಮೊದಲೇ ಬೇಸಿಗೆ ಮೈಮೇಲೆ ಬರುತ್ತದೆ. ಮೇ ತಿಂಗಳಲ್ಲಿ 42, 43 ಡಿಗ್ರಿ ಎಂದರೆ ಅದು ನೆರಳಿನ ಲೆಕ್ಕ. ಮಾಳಿಗೆಗೆ ಶಹಾಬಾದ್ ಪರಸಿ ಹಾಕಿಸಿದ್ದರೆ ಆ ಕಲ್ಲು ಸಂಜೆ ಏಳಕ್ಕೂ ಕಾದೇ ಇರುತ್ತದೆ, ಕುಂಡದ ಬುಡದಿಂದ ಬೇರನ್ನು ಬೇಯಿಸುತ್ತದೆ. ಆದ್ದರಿಂದ ಮೊದಲು ಮಾಡಬೇಕಾದ ಕೆಲಸ, ಪ್ರತಿ ಕುಂಡದ ಕೆಳಗೆ ಎರಡೆರಡು ಇಟ್ಟಿಗೆ ಇಟ್ಟು ಗಾಳಿ ಆಡುವಂತೆ ಮಾಡುವುದು. ಖರ್ಚಿಲ್ಲದ ಈ ಒಂದು ಉಪಾಯದಿಂದ ನನ್ನ ಅರ್ಧ ತೋಟ ಉಳಿದಿದೆ.

ಹೊಸದಾಗಿ ಹಚ್ಚುವುದನ್ನು ಮೃಗಶಿರಾ ಮಳೆ ಹಿಡಿಯುವವರೆಗೆ ತಡೆಯಿರಿ. ಗುಲಾಬಿ, ಸೇವಂತಿಗೆ ದಸರೆಯ ನಂತರ. ಮೊದಲ ವರ್ಷ ಬಿಸಿಲಿಗೆ ಜಗ್ಗದ ಗಿಡಗಳನ್ನೇ ಇಡಿ: ನಿತ್ಯಪುಷ್ಪ, ದಾಸವಾಳ, ಕರಿಬೇವು, ದುಂಡುಮಲ್ಲಿಗೆ, ಪುಂಡಿ, ರಾಜಗಿರಿ. ಕಣಗಿಲೆಯೂ ಚೆನ್ನಾಗಿ ಬರುತ್ತದೆ, ಆದರೆ ಅದರ ಎಲೆ, ಹೂ, ಕಾಂಡ ಎಲ್ಲವೂ ವಿಷ; ಮೊಮ್ಮಕ್ಕಳು ಓಡಾಡುವ ಮನೆಯಾದರೆ ಬೇಡ.

ಮಣ್ಣಿನ ವಿಷಯದಲ್ಲಿ ನಾನು ಎರಡು ವರ್ಷ ತಪ್ಪು ಮಾಡಿದೆ. ನಮ್ಮ ಹೊಲದ ಎರೆಮಣ್ಣು ತೊಗರಿಗೆ ಬಂಗಾರ, ಆದರೆ ಕುಂಡದಲ್ಲಿ ಅದೊಂದನ್ನೇ ತುಂಬಿದರೆ ಗಿಡಕ್ಕೆ ಉಸಿರು ಕಟ್ಟುತ್ತದೆ. ನೆನೆದರೆ ಅಂಟು, ಒಣಗಿದರೆ ಕುಂಡದ ಅಂಚು ಬಿಟ್ಟು ಒಳಸರಿಯುತ್ತದೆ. ಆ ಸಂದಿಯಲ್ಲಿ ನೀರು ಸರ್ರನೆ ಇಳಿದು ಕೆಳಗಿನ ತೂತಿನಿಂದ ಬರುತ್ತದೆ, ನಾವು ಗಿಡ ಕುಡಿಯಿತು ಎಂದುಕೊಳ್ಳುತ್ತೇವೆ. ಒಂದು ದಿನ ಸತ್ತ ದಾಸವಾಳವನ್ನು ಕಿತ್ತು ನೋಡಿದೆ. ಹೊರಗೆಲ್ಲ ತೇವ, ನಡುವಿನ ಮಣ್ಣು ಮಾತ್ರ ಹಂಚಿನಂತೆ ಒಣಗಿ ಗಟ್ಟಿಯಾಗಿತ್ತು. ಅಂದಿನಿಂದ ಒಂದು ಬುಟ್ಟಿ ಎರೆಮಣ್ಣು, ಒಂದು ಬುಟ್ಟಿ ಹಳೆಯ ತಿಪ್ಪೆಗೊಬ್ಬರ, ಒಂದು ಬುಟ್ಟಿ ದಪ್ಪ ಉಸುಕು ಕಲಸುತ್ತೇನೆ. ಮೇಲೆ ಎರಡು ಬೆರಳು ದಪ್ಪ ತೊಗರಿ ಹೊಟ್ಟು ಹರಡುತ್ತೇನೆ. ನಿಮ್ಮ ಹೊಲದಲ್ಲೇ ರಾಶಿಯಾದ ಮೇಲೆ ಬೇಕಾದಷ್ಟು ಸಿಗುತ್ತದೆ, ಮನೆಯವರಿಗೆ ಹೇಳಿ ಒಂದು ಚೀಲ ತರಿಸಿ. ನೀರು ಸೂರ್ಯ ಹುಟ್ಟುವ ಮೊದಲು. ಬೋರ್‌ವೆಲ್ ನೀರಿನ ಉಪ್ಪಿನಿಂದ ಕುಂಡದ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಜೋರು ಮಳೆ ಬಂದಾಗ ಕುಂಡಗಳನ್ನು ಬಯಲಿಗೆ ಸರಿಸಿದರೆ ಅದು ತೊಳೆದುಹೋಗುತ್ತದೆ.

ಇನ್ನು ಚಿತ್ರ. ತೋಟ ಒಂದು ಹವ್ಯಾಸ, ಚಿತ್ರ ಇನ್ನೊಂದು ಎಂದು ಬೇರೆ ಮಾಡಬೇಡಿ. ನಾನು ಬಿಡಿಸಿದ ಮೊದಲ ಹೂ ಪುಂಡಿಯದು. ಪಲ್ಯಕ್ಕೆಂದು ಕೊಯ್ಯುವಾಗ ಒಂದು ಗಿಡ ಉಳಿದು ಆಳೆತ್ತರ ಬೆಳೆದಿತ್ತು. ಬೆಳಿಗ್ಗೆ ನೋಡಿದರೆ ಬೆಣ್ಣೆಯ ಬಣ್ಣದ ಐದು ಎಸಳು, ನಡುವೆ ಕಡುಕೆಂಪು ಕಣ್ಣು. ಆ ಕೆಂಪು ಒಮ್ಮೆಗೇ ನಿಲ್ಲುವುದಿಲ್ಲ, ಎಸಳಿನ ಗೀರುಗಳ ಗುಂಟ ಸಣ್ಣಗೆ ಹರಿದು ಹೋಗುತ್ತದೆ. ಎಂಟು ಗಂಟೆಗೆ ಪೂರ್ತಿ ಅರಳಿದ್ದ ಹೂ ಸಂಜೆಯೊಳಗೆ ಮುದುಡಿತು. ಅಷ್ಟರಲ್ಲಿ ನಾನು ನಾಲ್ಕು ಹಾಳೆ ಕೆಡಿಸಿ ಐದನೆಯದರಲ್ಲಿ ಆ ಕಣ್ಣನ್ನು ಹಿಡಿದಿದ್ದೆ. ಇಪ್ಪತ್ತು ವರ್ಷ ಪುಂಡಿ ಸೋಸಿ ಪಲ್ಯ ಮಾಡಿದ್ದೇನೆ, ಅದರ ಹೂವನ್ನು ನಿಜವಾಗಿ ನೋಡಿದ್ದು ಅಂದು.

ಗೆಳತಿಯರು ಹುಡುಕಿ ಸಿಗಲಿಲ್ಲ, ಕೊಟ್ಟು ಸಿಕ್ಕರು. ಕರಿಬೇವು ಕೇಳಲು ಬಂದ ಪಕ್ಕದ ಮನೆಯಾಕೆಗೆ ಕರಿಬೇವಿನ ಜೊತೆ ಒಂದು ಸಸಿಯನ್ನೂ ಕೊಟ್ಟೆ. ಆಕೆ ತಿಂಗಳ ನಂತರ ದುಂಡುಮಲ್ಲಿಗೆಯ ಕಡ್ಡಿ ತಂದಳು, ಜೊತೆಗೆ ತನ್ನ ನಾದಿನಿಯನ್ನೂ ಕರೆತಂದಳು. ಆ ನಾದಿನಿ ಕಸೂತಿ ಹಾಕುತ್ತಾರೆ. ಈಗ ನಾವು ಐವರು. ಗುರುವಾರ ನಾಲ್ಕು ಗಂಟೆಗೆ ಯಾರಾದರೊಬ್ಬರ ಮಾಳಿಗೆಯ ನೆರಳಿನಲ್ಲಿ ಕೂರುತ್ತೇವೆ. ದಿನ ಗೊತ್ತು ಮಾಡುವುದೇ ಇದರ ಜೀವಾಳ. "ಬಿಡುವಾದಾಗ ಸೇರೋಣ" ಎಂದು ಬಿಟ್ಟ ಆರು ತಿಂಗಳಲ್ಲಿ ನಾವು ಸೇರಿದ್ದು ಎರಡೇ ಸಲ.

ಬಿದ್ರಿ ಕೆಲಸ ಕಲಿಯುತ್ತಿರುವವನು, ಬೀದರ್

ಅಮ್ಮ, ತರಗತಿ ಬಿಡಬೇಡಿ. ಮನೆಯಲ್ಲಿ ಒಬ್ಬರೇ ಕಲಿತರೆ ಕೈ ಎಲ್ಲಿ ತಪ್ಪುತ್ತಿದೆ ಎಂದು ಹೇಳುವವರು ಇರುವುದಿಲ್ಲ. ನಾನು ಬಿದ್ರಿ ಕಾರ್ಖಾನೆಗೆ ಸೇರಿದಾಗ ಬೆಳ್ಳಿ ಮುಟ್ಟಲು ಕೊಡಲೇ ಇಲ್ಲ, ತಿಂಗಳುಗಟ್ಟಲೆ ಬಳ್ಳಿ ಬರೆಸಿದರು. ಸತು ಮತ್ತು ತಾಮ್ರದ ಎರಕವನ್ನು ನುಣ್ಣಗೆ ಮಾಡಿ, ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡಿಕೊಳ್ಳುತ್ತೇವೆ. ಅದೇ ನಮ್ಮ ಹಲಗೆ. ಅದರ ಮೇಲೆ ಚೂಪು ಕಡ್ಡಿಯಿಂದ ಗೀರಿದ ಗೆರೆಯ ಗುಂಟ ಉಳಿ ಓಡಬೇಕು, ಆ ತೋಡಿನಲ್ಲಿ ಬೆಳ್ಳಿ ತಂತಿ ಕೂರಬೇಕು. ಕೊನೆಗೆ ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರವೆಂಬ ಲವಣದ ದ್ರಾವಣದಲ್ಲಿ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಗೆರೆ ತಪ್ಪಿದರೆ ಮುಂದಿನದೆಲ್ಲ ತಪ್ಪು. ನಮ್ಮ ನಕಾಶೆಗಳಲ್ಲಿ ಇರುವುದೂ ಹೂವು, ಬಳ್ಳಿ, ಎಲೆ, ಗಸಗಸೆ ಗಿಡವೇ. ಹಾಗಾಗಿ ತೋಟ ಇರುವವರಿಗೆ ಅರ್ಧ ಪಾಠ ಮನೆಯಲ್ಲೇ ಇದೆ. 2023ರಲ್ಲಿ ಪದ್ಮಶ್ರೀ ಪಡೆದ ನಮ್ಮ ಊರಿನ ಶಾ ರಶೀದ್ ಅಹ್ಮದ್ ಖಾದ್ರಿಯವರು ಇಳಿವಯಸ್ಸಿನಲ್ಲೂ ಕೈಯಿಂದ ಉಳಿ ಬಿಡದವರು. ಕಲೆಯ ಮುಂದೆ ವಯಸ್ಸಿನ ಮಾತು ಬೇಡ.

ಹಣ ಕಟ್ಟುವ ಮೊದಲು ಒಂದು ದಿನ ಸುಮ್ಮನೆ ಕೂತು ನೋಡಿ. ಎದುರಿಗೆ ವಸ್ತು ಇಟ್ಟು ಬರೆಸುತ್ತಾರೋ, ಅಚ್ಚಾದ ಚಿತ್ರ ಕೊಟ್ಟು ನಕಲು ಮಾಡಿಸುತ್ತಾರೋ ಗಮನಿಸಿ. ದೊಡ್ಡವರಿಗೆ ಬೇರೆ ಹೊತ್ತು ಕೊಡುತ್ತೀರಾ ಎಂದು ಕೇಳಿ. ಮೂರು ನಾಲ್ಕು ಜನ ಒಟ್ಟಿಗೆ ಹೋಗಿ ಕೇಳಿದರೆ ಸಾಮಾನ್ಯವಾಗಿ ಇಲ್ಲ ಎನ್ನುವುದಿಲ್ಲ.

ಬೀದರ್‌ಗೆ ಬಂದರೆ ಅಷ್ಟೂರಿನ ಗೋರಿಗಳಿಗೆ ಹೋಗಿ. ಬಹಮನಿ ಸುಲ್ತಾನ ಅಹ್ಮದ್ ಷಾ ವಲಿಯ ಗೋರಿಯ ಒಳಗೆ ಗುಮ್ಮಟದ ತುಂಬ ಬಣ್ಣದ ಬಳ್ಳಿ, ಬಂಗಾರದ ಗೆರೆ. ಕಣ್ಣು ಕತ್ತಲೆಗೆ ಹೊಂದಲು ಸ್ವಲ್ಪ ಹೊತ್ತು ಬೇಕು, ಆಮೇಲೆ ಒಂದೊಂದೇ ಹೂ ಕಾಣಿಸುತ್ತದೆ. ಅಲ್ಲಿ ನಾನು ಪೂರ್ತಿ ಗೋಡೆ ಬರೆಯಲು ಹೋಗುವುದಿಲ್ಲ. ಒಂದು ಸಲಕ್ಕೆ ಒಂದೇ ಸುರುಳಿ.

ಬ್ಯಾಂಕ್ ನೌಕರ, ಕಲಬುರಗಿ

ಒಂದು ಎಚ್ಚರಿಕೆಯ ಮಾತು. ನನ್ನ ಪತ್ನಿ ಒಂದು ಕಡೆ ಆರು ತಿಂಗಳ ಶುಲ್ಕ ಒಟ್ಟಿಗೆ ಕಟ್ಟಿದ್ದರು. ಎರಡೇ ತಿಂಗಳಿಗೆ ತರಗತಿ ಮುಚ್ಚಿತು, ಹಣ ಮರಳಲಿಲ್ಲ. ತಿಂಗಳಿಗೊಮ್ಮೆ ಮಾತ್ರ ಕಟ್ಟಿ.

ಮೇಲಿನ ಅಕ್ಕನವರ ಮಾತಿಗೆ ನನ್ನದೊಂದು ಭಿನ್ನ ಅಭಿಪ್ರಾಯವಿದೆ. ಗಿಡದ ಕೆಲಸ ನನಗೆ ಒಂಟಿಯಾಗಿದ್ದಾಗಲೇ ಹಿತ. ಬೆಳಿಗ್ಗೆ ಐದೂವರೆಗೆ ಮಾಳಿಗೆ ಹತ್ತಿದರೆ ಆರೂವರೆವರೆಗೆ ಯಾರ ಮಾತೂ ಬೇಡ. ಜೊತೆ ಬೇಕಾಗುವುದು ಚಿತ್ರಕ್ಕೆ. ನಾವು ನಾಲ್ವರು ಸಹೋದ್ಯೋಗಿಗಳು ಭಾನುವಾರ ಬಸ್ ಹಿಡಿದು ಎಲ್ಲಿಗಾದರೂ ಹೋಗಿ ಬರೆಯುತ್ತೇವೆ. ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಹತ್ತಿರದ ಕನಗನಹಳ್ಳಿಯನ್ನು ಮರೆಯಲಾರೆ. ಭೀಮಾ ದಂಡೆಯ ಅಲ್ಲಿನ ಬೌದ್ಧ ಸ್ತೂಪದ ಕಲ್ಲುಗಳಲ್ಲಿ ಅರಳಿದ ತಾವರೆಗಳಿವೆ, ರಾಣಿಯೊಂದಿಗೆ ನಿಂತ ಅಶೋಕನಿದ್ದಾನೆ, ಪಕ್ಕದಲ್ಲೇ ಬ್ರಾಹ್ಮಿಯಲ್ಲಿ "ರಾಯೋ ಅಸೋಕೋ" ಎಂದು ಕೊರೆದಿದೆ. ಮಕ್ಕಳ ಪಾಠದಲ್ಲಿ ಅಶೋಕನ ಕಥೆ ಹೇಳಿದ ಟೀಚರ್ ನೀವು, ಒಮ್ಮೆ ಹೋಗಿ ಆ ಕಲ್ಲಿನ ಮುಂದೆ ಪೆನ್ಸಿಲ್ ಹಿಡಿಯಿರಿ.

ಊರಿನಲ್ಲಿ ಚಿತ್ರಕಾರ ಎಸ್.ಎಂ. ಪಂಡಿತರ ಹೆಸರಿನ ರಂಗಮಂದಿರದ ಮುಂದೆ ದಿನವೂ ಓಡಾಡುತ್ತೇವೆ. 1916ರಲ್ಲಿ ಇಲ್ಲೇ ಹುಟ್ಟಿದ ಅವರ ದೇವದೇವತೆಯರ ಚಿತ್ರಗಳು ಕ್ಯಾಲೆಂಡರ್‌ಗಳ ಮೂಲಕ ಮನೆಮನೆಯ ಗೋಡೆಗೆ ಬಂದವು. ಈ ಊರಿಗೂ ಚಿತ್ರಕ್ಕೂ ಸಂಬಂಧವಿಲ್ಲ ಎಂದು ಯಾರಾದರೂ ಹೇಳಿದರೆ ನನಗೆ ಬೇಸರವಾಗುತ್ತದೆ.

ಚಿತ್ರಕಲಾ ಶಿಕ್ಷಕ, ಯಾದಗಿರಿ ಜಿಲ್ಲೆ

ಬಣ್ಣ, ಹಾಳೆ ಎಂದು ಮೊದಲೇ ಸಾವಿರಾರು ರೂಪಾಯಿ ಸುರಿಯಬೇಡಿ ಮೇಡಂ. ತೊಗರಿ ಕಟ್ಟಿಗೆಯಲ್ಲಿ ಪೆನ್ಸಿಲ್ ದಪ್ಪದವನ್ನು ಆರಿಸಿ, ಗೇಣುದ್ದಕ್ಕೆ ಮುರಿದು, ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ಒತ್ತಾಗಿ ತುಂಬಿ. ಮುಚ್ಚಳಕ್ಕೆ ಮೊಳೆಯಿಂದ ಒಂದು ತೂತು. ಅಂಗಳದ ಒಲೆಯ ಕೆಂಡದಲ್ಲಿಡಿ. ತೂತಿನಿಂದ ಹೊಗೆ ಬರುವುದು ನಿಂತ ಮೇಲೆ ತೆಗೆದು ಪೂರ್ತಿ ಆರಲು ಬಿಡಿ. ಬಿಸಿ ಇರುವಾಗ ತೆರೆದರೆ ಗಾಳಿ ತಾಗಿ ಹೊತ್ತಿಕೊಂಡು ಬೂದಿಯಾಗುತ್ತದೆ. ಒಳಗೆ ಮೆತ್ತನೆಯ ಇದ್ದಿಲು ಕಡ್ಡಿಗಳು ಸಿಗುತ್ತವೆ. ನನ್ನ ಶಾಲೆಯ ಮಕ್ಕಳು ವರ್ಷವಿಡೀ ಅದರಲ್ಲೇ ಬರೆಯುತ್ತಾರೆ.

ಬೀದರ್ ಕಡೆಯ ಕೆಮ್ಮಣ್ಣು ತಂದು ಅರೆದು, ನೀರಿನಲ್ಲಿ ಕದಡಿ, ಉಸುಕು ತಳಕ್ಕೆ ಇಳಿದ ಮೇಲೆ ಮೇಲಿನ ಕೆಂಪು ನೀರನ್ನು ಬಸಿದು ಒಣಗಿಸಿ. ಜಾಲಿ ಗೋಂದು ಬೆರೆಸಿದರೆ ಮಾಸದ ಬಣ್ಣ. ಅರಿಸಿನ, ಬೀಟ್ರೂಟ್ ಬಣ್ಣಗಳು ಕಣ್ಣಿಗೆ ಹಬ್ಬ, ಆದರೆ ಬಿಸಿಲಿಗೆ ಬೇಗ ಹಾರಿಹೋಗುತ್ತವೆ. ಸುರಪುರದ ಅರಸರ ಆಶ್ರಯದಲ್ಲಿ ಸೂಕ್ಷ್ಮ ಗೆರೆಯ ಚಿತ್ರಪರಂಪರೆ ಬೆಳೆದ ಜಿಲ್ಲೆ ನಮ್ಮದು, ಬಣ್ಣ ಅರೆಯುವುದು ಇಲ್ಲಿ ಹೊಸ ವಿದ್ಯೆಯಲ್ಲ.

ಗುಂಪು ಕಟ್ಟಲು ಒಳ್ಳೆಯ ದಿನವೂ ಹತ್ತಿರದಲ್ಲಿದೆ, ಕಾರಹುಣ್ಣಿಮೆಯ ನಂತರದ ಮಣ್ಣೆತ್ತಿನ ಅಮಾವಾಸ್ಯೆ. ನಿಮ್ಮ ಓಣಿಯ ಹೆಂಗಸರು, ಮಕ್ಕಳನ್ನು ಕರೆದು ಒಂದು ಬುಟ್ಟಿ ಎರೆಮಣ್ಣು ನಡುವೆ ಇಡಿ. ಎತ್ತು ಮಾಡಲು ಬರುವುದಿಲ್ಲ ಎನ್ನುವವರು ಅಂದು ಒಬ್ಬರೂ ಇರುವುದಿಲ್ಲ. ಯಾರ ಬೆರಳಿಗೆ ಡುಬ್ಬದ ತಿರುವು ಸಿಕ್ಕಿದೆ, ಯಾರು ಹಣೆಗೆ ಗುಲಗಂಜಿ ಅಂಟಿಸಿ ಗೆಜ್ಜೆಯ ಸಾಲನ್ನು ಕಡ್ಡಿಯಿಂದ ಒತ್ತಿ ಒತ್ತಿ ಮಾಡುತ್ತಾರೆ, ನೋಡಿಕೊಳ್ಳಿ. ನಿಮ್ಮ ಗೆಳತಿಯರು ಅವರೇ.

ಟೇಲರ್, ಬೀದರ್ ಜಿಲ್ಲೆ

ಅಕ್ಕ, ಮೊಣಕಾಲು ನೋವಿದ್ದರೆ ಕುಂಡಗಳನ್ನು ನೆಲದ ಮೇಲೆ ಇಡಬೇಡಿ. ಹಳೆಯ ಬೆಂಚಿನ ಮೇಲೆ ಸೊಂಟದ ಎತ್ತರಕ್ಕೆ ಇಟ್ಟಿದ್ದೇನೆ, ಬಾಗುವುದೇ ಇಲ್ಲ. ಅದೇ ಬೆಂಚಿನ ತುದಿಯಲ್ಲಿ ಹಾಳೆ ಇಟ್ಟು ಬರೆಯುತ್ತೇನೆ.

ಕೇಳಿದವರು: ನಿವೃತ್ತ ಶಿಕ್ಷಕಿ, ಕಲಬುರಗಿ

ಇಷ್ಟು ಜನ ಇಷ್ಟು ಅಕ್ಕರೆಯಿಂದ ಬರೆಯುತ್ತೀರಿ ಎಂದುಕೊಂಡಿರಲಿಲ್ಲ. ಬೆಳಿಗ್ಗೆ ಉಳಿದ ಮೂರು ಕುಂಡಗಳ ಕೆಳಗೆ ಇಟ್ಟಿಗೆ ಇಟ್ಟೆ. ಸತ್ತ ಗುಲಾಬಿಯನ್ನು ಕಿತ್ತು ನೋಡಿದರೆ ಆ ಅಕ್ಕ ಹೇಳಿದಂತೆಯೇ, ನಡುವಿನ ಮಣ್ಣಿಗೆ ನೀರೇ ಮುಟ್ಟಿರಲಿಲ್ಲ. ಆ ಒಣಗಿದ ಗುಲಾಬಿಯನ್ನು ಎಸೆಯಲಿಲ್ಲ, ಬೇರು ಸಮೇತ ಪರಸಿಯ ಮೇಲಿಟ್ಟು ಬರೆಯಲು ಕೂತೆ. ಮುಳ್ಳುಗಳು ಒಂದೇ ಕಡೆಗೆ ಬಾಗಿರುತ್ತವೆ ಎಂಬುದನ್ನು ಇಂದು ಗಮನಿಸಿದೆ.

ತೊಗರಿ ಕಟ್ಟಿಗೆ, ಹೊಟ್ಟು ಎರಡನ್ನೂ ತರಲು ಮನೆಯವರಿಗೆ ಹೇಳಿದ್ದೇನೆ. ತರಗತಿಗೆ ಸೋಮವಾರ ಮತ್ತೆ ಹೋಗುತ್ತೇನೆ, ಆ ಹುಡುಗಿಯ ಪಕ್ಕದಲ್ಲೇ ಕೂರುತ್ತೇನೆ. ಎದುರುಮನೆಯ ಇಬ್ಬರು ಮಣ್ಣೆತ್ತಿಗೆ ಬರುತ್ತೇವೆ ಎಂದಿದ್ದಾರೆ. ಅವರಲ್ಲಿ ಒಬ್ಬರು, ಮಣ್ಣು ತಮ್ಮ ತವರಿನ ಹೊಲದ್ದೇ ಆಗಬೇಕು ಎಂದು ಪಟ್ಟು ಹಿಡಿದಿದ್ದಾರೆ.